ಮಂಚ ಗಟ್ಟಿ, ಬೆನ್ನು ಮೆತ್ತಗೆ

"ಬೆನ್ನು ಹೋದ್ರೆ ಹೋಯ್ತು, ಮಂಚಕ್ಕೆ ಒಂದು ಗೀರೂ ಬಿದ್ದಿಲ್ಲ ನೋಡು!" ಎಂದು ಮಂಚಣ್ಣ ಆಸ್ಪತ್ರೆಯ ದಾರಿಯುದ್ದಕ್ಕೂ ಹೆಂಡತಿಗೆ ಹೇಳುತ್ತಲೇ ಇದ್ದ. ಅವನು ಗಾಡಿಯ ಸೀಟಿನಲ್ಲಿ ಕುಡುಗೋಲಿನಂತೆ ಬಾಗಿ ಕೂತಿದ್ದ. ಹೆಂಡತಿ ಬಾಯಿ ತೆರೆದಿದ್ದರೆ ಡ್ರೈವರ್ ಗಾಡಿ ನಿಲ್ಲಿಸಿ ಇಳಿದು ಓಡುತ್ತಿದ್ದನೇನೋ.

ಮಂಚಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಫರ್ನಿಚರ್ ಅಂಗಡಿಯಲ್ಲಿ ಮಂಚ ಮಾರಿ ಮಾರಿ ಸಂಪಾದಿಸಿದ ಬಿರುದು. (ಅವನ ಪ್ರಕಾರ ಅವನು ಬರೀ ಸೇಲ್ಸ್‌ಮನ್ ಅಲ್ಲ, ಶಯನೋಪಕರಣ ತಜ್ಞ.) ಬೇರೆಯವರು ಬಾಯಿಂದ ಮಾರಿದರೆ ಇವನು ಕಾಲಿಂದ ಮಾರುತ್ತಿದ್ದ. ಗಿರಾಕಿ ಅನುಮಾನದಿಂದ ಮಂಚದ ಹಲಗೆ ತಟ್ಟಿ "ಗಟ್ಟಿ ಇದೆಯಾ?" ಎಂದರೆ ಸಾಕು, ಚಪ್ಪಲಿ ಬಿಟ್ಟು ಮೇಲೆ ಹತ್ತಿ ಧಡ್ ಧಡ್ ಎಂದು ಕುಣಿದುಬಿಡುತ್ತಿದ್ದ. ಮದುವೆಯಾಗುವ ಹುಡುಗ ಹುಡುಗಿ, ಮುದುಕ ಮುದುಕಿ ಎಲ್ಲರೂ ಬಾಯಿ ತೆರೆದು ನೋಡುತ್ತಿದ್ದರು. ಕುಣಿತ ಮುಗಿಯುವುದರೊಳಗೆ ವ್ಯಾಪಾರವೂ ಮುಗಿಯುತ್ತಿತ್ತು. ಆ ದಿನ ಮಾತ್ರ ಹಬ್ಬದ ಜಾತ್ರೆಯಂತೆ ಗಿರಾಕಿಗಳು, ಬೆಳಗಿನಿಂದ ಬಿಡುವಿಲ್ಲದ ಕುಣಿತ. ಕೊನೆಯ ಮಂಚದ ಮೇಲೆ ಬೆನ್ನು "ಕಟ್" ಎಂದಿತು.

ಇಷ್ಟು ಜನರಿಗೆ ಮಂಚ ಮಾರಿದವನಿಗೆ ಒಬ್ಬರಿಗೆ ಮಾತ್ರ ಮಾರಲು ಆಗಿರಲಿಲ್ಲ. ಅದು ಅವನ ಸ್ವಂತ ತಾಯಿ. ಆಕೆ ಹುಟ್ಟಿದಾಗಿನಿಂದ ಚಾಪೆಯ ಪಕ್ಷ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ ಇದೆ. ಮಂಚ ಇದ್ದಷ್ಟು ಅಂತ ಎಲ್ಲಾದ್ರೂ ಕೇಳಿದೀಯೇನೋ?" ಎನ್ನುತ್ತಿದ್ದಳು. "ನೆಲದ ಮೇಲೆ ಮಲಗಿದೋರು ಎಲ್ಲಿಗೆ ಬೀಳ್ತಾರೆ ಹೇಳು?"

ಮಂಚಣ್ಣನ ವೃತ್ತಿಜೀವನದ ಏಕೈಕ ಸೋಲು ಮನೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಗೊರಕೆ ಹೊಡೆಯುತ್ತಿತ್ತು.

ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದು ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದವನು "ಎರಡು ತಿಂಗಳು ಮಲಗೇ ಇರ್ಬೇಕಂತೆ. ಗಟ್ಟಿ ಜಾಗದಲ್ಲಿ. ನಮ್ಮನೆ ಮಂಚಕ್ಕಿಂತ ಗಟ್ಟಿ ಜಾಗ ಯಾವುದಿದೆ?" ಎಂದ. ಹೆಂಡತಿಗೆ ಎರಡು ತಿಂಗಳು ಎನ್ನುವ ಮಾತಿನಾಚೆ ಏನೂ ಕೇಳಿಸಲಿಲ್ಲ. ಮನೆಗೆ ಬರುವ ಸಂಬಳ ಅದೊಂದೇ. ಬಾಡಿಗೆ, ಮಗಳ ಶಾಲೆ, ಅತ್ತೆಯ ಕಣ್ಣಿನ ಔಷಧಿ, ಎಲ್ಲವೂ ಮಂಚಣ್ಣನ ಕುಣಿತದ ಮೇಲೇ ನಿಂತಿದ್ದವು.

ಪುಣ್ಯಕ್ಕೆ ನೆರವು ನಿಧಿ ಎಂಬುದೊಂದಿತ್ತು. ದುಡಿಯುವವರ ಸಂಬಳದಲ್ಲಿ ತಿಂಗಳು ತಿಂಗಳು ಒಂದಿಷ್ಟು ಹಿಡಿದುಕೊಂಡು, ದುಡಿಯುವವರು ಕಾಯಿಲೆ ಬಿದ್ದರೆ ಆ ಮನೆಗೆ ಸಂಬಳದ ಮುಕ್ಕಾಲು ಪಾಲು ಕೊಡುವ ವ್ಯವಸ್ಥೆ. ಅಷ್ಟು ವರ್ಷವೂ ಮಂಚಣ್ಣ "ಯಾರೋ ಸೀನಿದ್ದಕ್ಕೆ ನಾನ್ಯಾಕೆ ದುಡ್ಡು ಕೊಡ್ಲಿ?" ಎಂದು ಅದನ್ನು ಬೈದವನೇ. ಮೊದಲ ಕಂತು ಬಂದ ದಿನ ಹೆಂಡತಿ ಬಾಡಿಗೆ ಕೊಟ್ಟು ಬಂದು, ಅಡುಗೆಮನೆಯಲ್ಲಿ ಕೂತು ಸಮಾಧಾನವಾಗುವಷ್ಟು ಅತ್ತಳು. ಮಂಚಣ್ಣನೂ ಅಳಬೇಕೆಂದಿದ್ದ, ಬಿಕ್ಕಿದರೆ ಬೆನ್ನು ನೋಯುತ್ತಿತ್ತು.

ಅಷ್ಟರಲ್ಲಿ ನಿಧಿಯ ಕಚೇರಿಯಿಂದ ಫೋನು ಬಂತು. ಅಧಿಕಾರಿಯೊಬ್ಬರು ಮನೆಗೆ ಬಂದು ರೋಗಿಯನ್ನು ನೋಡುತ್ತಾರಂತೆ.

ಪಕ್ಕದ ಮನೆಯ ದರ್ಜಿ ಕೂಡಲೇ ಬಂದು ಬೆಂಕಿಗೆ ತುಪ್ಪ ಸುರಿದ. "ಹುಷಾರಮ್ಮ! ಒಬ್ಬ ಪೇಂಟರ್‌ಗೆ ಕೈ ನೋವು ಅಂತ ದುಡ್ಡು ಬರ್ತಿತ್ತು. ಆಫೀಸರ್ ಬಂದಾಗ ಏಣಿ ಹತ್ತಿ ಪರದೆ ಕಟ್ತಿದ್ನಂತೆ. ಅಲ್ಲಿಗೆ ಖತಂ."

ಅಂದಿನಿಂದ ಮನೆ ನಾಟಕ ಕಂಪನಿಯಾಯಿತು. ಹೆಂಡತಿಯೇ ನಿರ್ದೇಶಕಿ.

"ರೀ, ಎಲ್ಲಿ, ಒಂದ್ಸಲ ನರಳಿ ನೋಡೋಣ."

"ನಂಗೆ ನಿಜವಾಗ್ಲೂ ನೋಯ್ತಿದೆ ಕಣೇ. ನರಳೋದ್ಯಾಕೆ?"

"ನಿಮ್ಗೆ ನೋಯೋದು ಅವ್ರಿಗೆ ಗೊತ್ತಾಗ್ಬೇಡ್ವಾ? ನರಳಿ!"

ಮಂಚಣ್ಣ ನರಳಿದ.

"ಅಪ್ಪಾ, ಇದು ಆಕಳಿಸಿದ ಹಾಗಿದೆ," ಎಂದಳು ಮಗಳು, ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ.

ಇನ್ನೊಮ್ಮೆ ನರಳಿದ.

"ಇದು ಹಸಿವಾದ ಹಾಗಿದೆ," ಎಂದಳು ತಾಯಿ. "ಅವನು ಚಿಕ್ಕೋನಿದ್ದಾಗಿಂದ ಅಷ್ಟೇ. ನಿಜ ಹೇಳಿದ್ರೂ ಸುಳ್ಳು ಹೇಳಿದ ಹಾಗೇ ಕಾಣ್ಸುತ್ತೆ."

ಕೊನೆಗೆ ಹೆಂಡತಿ ನರಳಾಟದ ಪಾತ್ರವನ್ನೇ ಕಿತ್ತುಹಾಕಿ, ಸುಮ್ಮನೆ ಮಲಗುವ ಪಾತ್ರ ಕೊಟ್ಟಳು. "ಬಾಯಿ ಬಿಡ್ಬೇಡಿ. ಕೈ ಎತ್ಬೇಡಿ. ಮನೆಗೆ ಬೆಂಕಿ ಬಿದ್ರೂ ಏಳ್ಬೇಡಿ. ನಮ್ಮ ಅನ್ನ ನಿಮ್ಮ ಬೆನ್ನಿನ ಮೇಲಿದೆ."

ಅಧಿಕಾರಿ ಬಂದರು. ಸಿಡುಕು ಮೋರೆಯ ಮನುಷ್ಯನನ್ನು ನಿರೀಕ್ಷಿಸಿದ್ದರೆ, ಬಂದದ್ದು ಕನ್ನಡಕದ, ತುಂಬಿದ ಮೈಯ, ಮೆಲುದನಿಯ ಹೆಂಗಸು. ಮನೆಯ ಒಂದೇ ಕುರ್ಚಿಯ ಮೇಲೆ ಮಡಿಸದ ಬಟ್ಟೆಯ ರಾಶಿ ಇತ್ತು. (ನಾಟಕದ ಗಡಿಬಿಡಿಯಲ್ಲಿ ರಂಗಸಜ್ಜಿಕೆ ಮರೆತುಹೋಗಿತ್ತು.) ಹಾಗಾಗಿ ಅವರು ಮಂಚದ ತುದಿಯಲ್ಲೇ ಕೂತರು. ಅದೇ ಕ್ಷಣಕ್ಕೆ ಗಾಳಿಗೆ ಕಿಟಕಿಯ ಬಾಗಿಲು ಕಿರ್ರನೆ ಸದ್ದು ಮಾಡಿತು.

ಮೇಡಂ ಗಾಬರಿಯಾಗಿ ಅರ್ಧ ಎದ್ದರು. "ಅಯ್ಯೋ, ಮಂಚ ಮುರಿಯುತ್ತೇನೋ?"

ಮಂಚಣ್ಣನ ಕಿವಿ ಕೆಂಪಾಯಿತು. ಹೆಂಡತಿ ಕಣ್ಣಲ್ಲೇ ಗದರಿಸಿದಳು. ಅವನು ಕೆಳತುಟಿ ಕಚ್ಚಿಕೊಂಡು ಛಾವಣಿ ನೋಡಿದ.

"ನೋವು ಹೇಗಿದೆ?" ಮೇಡಂ ಕೇಳಿದರು.

"ಇದೆ ಮೇಡಂ, ತುಂಬಾ ಇದೆ," ಎಂದು ಹೆಂಡತಿಯೇ ಅವನ ಪರವಾಗಿ ನೊಂದಳು.

ಮೇಡಂ ಮತ್ತೆ ಹುಷಾರಾಗಿ, ಮೊಟ್ಟೆಯ ಮೇಲೆ ಕೂರುವವರ ಹಾಗೆ ಕೂತರು. ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿದರು. ಆಮೇಲೆ, ಆಡಬಾರದಿದ್ದ ಆ ಮಾತನ್ನು ಆಡಿಯೇಬಿಟ್ಟರು.

"ಅಲ್ಲಾ, ಇದು ಗಟ್ಟಿ ಇದೆಯಾ?"

ಯುದ್ಧದ ಕುದುರೆಗೆ ಕಹಳೆ ಕೇಳಿಸಿದ ಹಾಗಾಯಿತು. ಮಂಚಣ್ಣನ ಕಣ್ಣೆದುರಿಂದ ಹೆಂಡತಿ, ಬಾಡಿಗೆ, ನೆರವು ನಿಧಿ ಎಲ್ಲ ಮಾಯವಾದವು. ಉಳಿದದ್ದು ಒಂದು ಮಂಚ, ಒಬ್ಬ ಗಿರಾಕಿ.

"ಗಟ್ಟಿ ಇದೆಯಾ ಅಂತ ಕೇಳ್ತೀರಾ? ಸ್ವಲ್ಪ ಪಕ್ಕಕ್ಕೆ ನಿಂತ್ಕೊಳಿ ಮೇಡಂ!" ಎಂದವನೇ ಹೊದಿಕೆ ಕಿತ್ತೆಸೆದು, ಗೋಡೆ ಹಿಡಿದು ಎದ್ದು ನಿಂತು, ಧಡ್ ಎಂದು ಕುಣಿದ.

ಒಂದೇ ಒಂದು ಕುಣಿತ. ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು. ತಾನು ಏನು ಮಾಡಿದೆ ಎಂದು ಮಂಚಣ್ಣನಿಗೆ ಗೊತ್ತಾದದ್ದು ಆಗಲೇ. ಅಯ್ಯೋ ಎನ್ನಲು ಬಾಯಿ ತೆರೆದ, ಅಷ್ಟರಲ್ಲಿ ಬೆನ್ನೇ ಅವನಿಗಿಂತ ಮೊದಲು "ಕಟ್" ಎಂದಿತು.

ಆಗ ಹೊರಟಿತು ನೋಡಿ ಒಂದು ನರಳಾಟ! ಬೀದಿಯಲ್ಲಿ ಮಲಗಿದ್ದ ನಾಯಿ ಎದ್ದು ಕೂತಿತು. ದರ್ಜಿ ಹೊಲಿಗೆ ನಿಲ್ಲಿಸಿದ.

"ಅಪ್ಪಾ, ಇದು ಸರಿಯಾಗಿದೆ," ಎಂದಳು ಮಗಳು.

ಅವನು ಬಾಗಿದವನು ಬಾಗಿದ ಹಾಗೇ ಸಿಕ್ಕಿಕೊಂಡಿದ್ದ. ಹೆಂಡತಿ, ತಾಯಿ, ಸಾಕ್ಷಾತ್ ಅಧಿಕಾರಿಯೇ ಸೇರಿ ಅವನನ್ನು ಬೀರುವಿನಂತೆ ಹೊರಳಿಸಿ ಮಲಗಿಸಬೇಕಾಯಿತು. ಮಲಗಿಸಿದ ಮೇಲೆ ಹೆಂಡತಿ ಕೈ ಮುಗಿದಳು.

"ಮೇಡಂ, ದಯವಿಟ್ಟು ದುಡ್ಡು ನಿಲ್ಲಿಸ್ಬೇಡಿ. ಇವ್ರು ಸುಳ್ಳು ಹೇಳ್ತಿಲ್ಲ. ಇವ್ರಿಗೆ ಬುದ್ಧಿ ಇಲ್ಲ, ಅಷ್ಟೇ!"

ಮೇಡಂ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡರು. "ನಿಲ್ಲಿಸೋರು ಯಾರಮ್ಮ? ಮೋಸ ಮಾಡೋರು ನನ್ನ ಮುಂದೆ ಬೆರಳೂ ಅಲ್ಲಾಡ್ಸಲ್ಲ. ನನ್ನೆದುರಿಗೇ ಎದ್ದು ಕುಣಿಯೋ ಮನುಷ್ಯ ಮೋಸಕ್ಕೆ ಲಾಯಕ್ಕೇ ಇಲ್ಲ ಬಿಡಿ. ಅದೂ ಅಲ್ದೆ, ನಾನು ಡಾಕ್ಟರ ಹತ್ರ ಮಾತಾಡೇ ಬಂದಿದ್ದು. ಇವರು ಪೂರ್ತಿ ಹುಷಾರಾಗೋವರೆಗೂ ದುಡ್ಡು ಬರುತ್ತೆ. ಇವತ್ತಿನ ಕುಣಿತಕ್ಕೆ ಇನ್ನೊಂದು ತಿಂಗಳು ಜಾಸ್ತಿ ಬೇಕಾದ್ರೂ ಬರುತ್ತೆ."

ಹೆಂಡತಿ ಬಾಗಿಲಿಗೆ ಒರಗಿ, ಎಷ್ಟೋ ದಿನದಿಂದ ಹಿಡಿದಿಟ್ಟ ಉಸಿರು ಬಿಟ್ಟಳು. ಮೈಮೇಲಿನ ಬೆಟ್ಟ ಇಳಿದಂತಾಗಿತ್ತು. ನೋವಿನ ನಡುವೆಯೂ ಮಂಚಣ್ಣನ ಎದೆ ಹಗುರಾಯಿತು.

"ಆದ್ರೆ ಒಂದೇ ಷರತ್ತು," ಎಂದರು ಮೇಡಂ, ಹೊರಡಲು ಎದ್ದು. "ಡಾಕ್ಟರು ಹೇಳಿದ ಹಾಗೆ ನಡ್ಕೋಬೇಕು. ನೆಲದ ಮೇಲೇ ಮಲಗ್ಬೇಕು ಅಂತ ಇವರಿಗೆ ಬಿಡಿಸಿ ಬಿಡಿಸಿ ಹೇಳಿದಾರಂತೆ. ಮತ್ಯಾಕೆ ಮಂಚದ ಮೇಲಿದಾರೆ?"

ಮೂರು ತಲೆಗಳು ಒಟ್ಟಿಗೆ ಮಂಚಣ್ಣನ ಕಡೆ ತಿರುಗಿದವು. ಅವನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ. (ಈ ಪಾತ್ರವನ್ನು ಮಾತ್ರ ಚೆನ್ನಾಗಿ ಮಾಡಿದ.)

"ನೆಲಾನಾ?" ಎಂದಳು ಹೆಂಡತಿ, ಅಕ್ಷರ ಅಕ್ಷರ ಅಗಿಯುತ್ತ. "ಗಟ್ಟಿ ಜಾಗ ಅಂದಿದ್ರಲ್ರೀ?"

"ಮಂಚ ಮಾರೋನು ನೆಲದ ಮೇಲೆ ಮಲಗಿದಾನೆ ಅಂತ ಅಂಗಡೀಲಿ ಗೊತ್ತಾದ್ರೆ..." ಎಂದು ಅವನು ಗೊಣಗಿದ. ಯಾರೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ.

ಸಂಜೆಯ ಹೊತ್ತಿಗೆ ಅಮ್ಮನ ಚಾಪೆ ಮಗನ ಕೆಳಗೆ ಬಂದಿತ್ತು. ಮನೆಯಲ್ಲಿ ಇದ್ದದ್ದು ಒಂದೇ ಚಾಪೆಯಾದ್ದರಿಂದ, ಬೇರೆ ದಾರಿ ಕಾಣದೆ ಅಮ್ಮ ಜನ್ಮದಲ್ಲಿ ಮೊದಲ ಸಲ ಮಂಚ ಹತ್ತಿದಳು. ಹತ್ತಿ, ಆ ಕಡೆ ಹೊರಳಿ, ಈ ಕಡೆ ಹೊರಳಿ, ಕೊನೆಗೆ ಕಾಲು ಪೂರ್ತಿ ಚಾಚಿದಳು.

"ಏನೇ ಹೇಳು, ಮಂಚ ಮಾತ್ರ ಗಟ್ಟಿ ಕಣೋ ಮಗಾ," ಎಂದಳು. "ಇಷ್ಟು ವರ್ಷ ಸುಮ್ನೆ ನೆಲದ ಮೇಲೆ ಬಿದ್ಕೊಂಡೆ. ನೀನು ಹುಷಾರಾದ್ಮೇಲೂ ಇದು ನಂಗೇ ಇರ್ಲಿ. ನಿಂಗೆ ಹೇಗಿದೆ ಚಾಪೆ?"

ಇಷ್ಟು ವರ್ಷಗಳಲ್ಲಿ ಸೋಲದ ಗಿರಾಕಿ ಕೊನೆಗೂ ಸೋತಿದ್ದಳು. ಮಂಚಣ್ಣ ಗೆಲುವಿನ ಮಾತೊಂದನ್ನು ಆಡಬೇಕಿತ್ತು. ಆದರೆ ಅವನ ಬೆನ್ನು, "ಕಟ್" ಎಂದ ದಿನದಿಂದ ಮೊದಲ ಬಾರಿಗೆ, ನೋವು ಬಿಟ್ಟು ಹಾಯಾಗಿ ನೆಲಕ್ಕೆ ಒರಗಿಕೊಂಡಿತ್ತು. ಇನ್ನೊಂದು ಗಳಿಗೆಯಾದರೆ ನಿದ್ದೆಯೇ ಬರುವಂತಿತ್ತು.

"ಹೇಳೋ, ಹೇಗಿದೆ?"

ಮಂಚಣ್ಣ ಬಾಗಿಲ ಕಡೆ, ದರ್ಜಿಯ ಗೋಡೆಯ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿ ಹೇಳಿದ: "ಸ್ವರ್ಗದ ಹಾಗಿದೆ ಅಮ್ಮಾ. ಅಂಗಡಿಯೋರು ಬಂದ್ರೆ ಮಾತ್ರ ನನ್ನ ಎತ್ತಿ ಮಂಚದ ಮೇಲೆ ಹಾಕ್ಬಿಡಿ."