ಎರಡನೇ ದಿನದ ಪಾರ್ಕಿಂಗ್ ಶುಲ್ಕ

ನನಗೆ ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲ. ಇದು ವಯಸ್ಸಿನ ದೋಷವೆಂದು ಯಾರೂ ಕನಿಕರಪಡಬೇಕಾಗಿಲ್ಲ. ಧಾರವಾಡದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಓದುವಾಗಲೇ ಹತ್ತಿಸಿಕೊಂಡ ರೋಗ. ಕಣ್ಣು ಮೋಸ ಮಾಡುತ್ತದೆ, ಕಿವಿ ಮೋಸ ಮಾಡುತ್ತದೆ, ನೆನಪಂತೂ ಮೋಸ ಮಾಡುವುದಕ್ಕೇ ಇದೆ ಎಂದು ನಮ್ಮ ಮಾಸ್ತರರು ಹೇಳಿದ್ದರು. ಅಥವಾ ಹೇಳಿದ್ದರೆಂದು ನನ್ನ ನೆನಪು. ಅಂದಿನಿಂದ ಬಾಗಿಲಿಗೆ ಕೀಲಿ ಹಾಕಿದ ಮೇಲೆ ಎರಡು ಸಲ ಜಗ್ಗಿ ನೋಡುತ್ತೇನೆ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಓಣಿಯ ತುದಿಯಿಂದ ಮರಳಿ ಬರುತ್ತೇನೆ. ನನ್ನ ಹೆಂಡತಿ ಸುಮಿತ್ರಾ ಇದನ್ನು ತತ್ತ್ವಶಾಸ್ತ್ರ ಎಂದು ಒಪ್ಪುವುದಿಲ್ಲ. "ಮದಿವ್ಯಾದ ವರ್ಷ ನನ್ನ ಸ್ಟೇಶನ್‌ನ್ಯಾಗ ಬಿಟ್ಟು, ಬರೇ ಟ್ರಂಕ್ ತಗೊಂಡು ಮನಿಗೆ ಹೋಗಿದ್ರಿ. ಅದೂ ತತ್ತ್ವಶಾಸ್ತ್ರನ ಏನ್ರಿ?" ಎನ್ನುತ್ತಾಳೆ. ಆ ಘಟನೆ ನನಗೆ ನೆನಪಿಲ್ಲ. ಹಾಗಾಗಿ ಅದು ನಡೆದಿದೆ ಎನ್ನಲು ಅವಳ ಮಾತಿನ ಹೊರತು ಬೇರೆ ಪುರಾವೆಯೂ ಇಲ್ಲ.

ಆದರೆ ನಮ್ಮಂಥ ಸಂಶಯವಾದಿಗಳ ಒಂದು ಗುಟ್ಟನ್ನು ಇಲ್ಲಿ ಹೇಳಿಬಿಡುತ್ತೇನೆ. ನಾವು ನಮ್ಮ ನೆನಪನ್ನು ಒಟ್ಟಾರೆಯಾಗಿ ಮಾತ್ರ ಸಂಶಯಿಸುತ್ತೇವೆ. ಭಾಷಣದಲ್ಲಿ, ಲೇಖನದಲ್ಲಿ, ಊಟವಾದ ಮೇಲಿನ ಹರಟೆಯಲ್ಲಿ. ಯಾರಾದರೂ ಎದುರು ನಿಂತು "ನೀವು ಹೇಳೂದು ತಪ್ಪೈತ್ರಿ" ಎಂದರೋ, ಆ ಕ್ಷಣಕ್ಕೆ ನಮ್ಮ ನೆನಪು ಶಿಲಾಶಾಸನವಾಗುತ್ತದೆ. ನನ್ನದು ಹಾಗಾದದ್ದು ಹುಬ್ಬಳ್ಳಿಯಲ್ಲಿ, ಪಾಲಿಕೆಯ ಪಾರ್ಕಿಂಗ್ ಜಾಗದಲ್ಲಿ.

ನಾನು ಮೂವತ್ತು ವರ್ಷ ಸಪ್ತಾಪುರದಲ್ಲಿ ಮನೆ ಮಾಡಿಕೊಂಡು ಹುಬ್ಬಳ್ಳಿಯ ಒಂದು ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬಂದವನು. ನಿವೃತ್ತಿಯಾದ ಮೇಲೆ, ಇನ್ನು ಎಲ್ಲಿಗೂ ಹೋಗಬೇಕಾಗಿಲ್ಲ ಎಂಬ ಹೊತ್ತಿಗೆ, ಒಂದು ಹಳೆಯ ಕಾರು ಕೊಂಡೆ. ನಮ್ಮ ಓಣಿ ಬಾಡಿಗೆ ಕೋಣೆಯ ಹುಡುಗರ ಬೈಕುಗಳಿಂದ ತುಂಬಿರುವುದರಿಂದ ಕಾರು ಎರಡು ಓಣಿ ಆಚೆ, ಗೆಳೆಯನ ಖಾಲಿ ಸೈಟಿನಲ್ಲಿ ವಾಸಿಸುತ್ತದೆ. ಮನೆಯಲ್ಲಿ ಯಾರಿಗೂ ಅದರ ಮುಖ ದಿನಾ ಕಾಣುವುದಿಲ್ಲ. ಈ ವಿವರ ಮುಂದೆ ನನ್ನ ಮಾನ ತೆಗೆಯಲಿದೆ ಎಂದು ಆಗ ಗೊತ್ತಿರಲಿಲ್ಲ.

ದೇಶಪಾಂಡೆ ನಗರದ ದಂತವೈದ್ಯರು ನನ್ನ ದವಡೆ ಹಲ್ಲಿನ ಬೇರಿಗೆ ಎರಡು ದಿನ ಬೇಕು, ಸೋಮವಾರ ಮತ್ತು ಮಂಗಳವಾರ ಬನ್ನಿ ಎಂದರು. ಅಲ್ಲಿಗೆ ಹತ್ತಿರವೇ ಪಾಲಿಕೆಯವರು ಗುತ್ತಿಗೆಗೆ ಕೊಟ್ಟ ಪಾರ್ಕಿಂಗ್ ಜಾಗ. ಅದನ್ನು ನೋಡಿಕೊಳ್ಳುವವರು ಹುಸೇನ್‌ಸಾಬರು, ಅರವತ್ತು ದಾಟಿದವರು, ಹಿಂದೆ ಮೆಕ್ಯಾನಿಕ್ ಆಗಿದ್ದವರು. ಇಪ್ಪತ್ತು ಕಾರು ನಿಲ್ಲುವಲ್ಲಿ ಮೂವತ್ತೈದು ನಿಲ್ಲಿಸುತ್ತಾರೆ. ಉಪಾಯ ಸರಳ. "ಗೇರ್ ತಗದು, ಹ್ಯಾಂಡ್‌ಬ್ರೇಕ್ ಬಿಟ್ಟು ಹೋಗ್ರಿ ಸರ. ಉಳದದ್ದು ನನಗ ಬಿಡ್ರಿ" ಎನ್ನುತ್ತಾರೆ. ನಾವು ಹೋದ ಮೇಲೆ ಒಂದೊಂದೇ ಕಾರನ್ನು ಹೆಗಲು ಕೊಟ್ಟು ತಳ್ಳುತ್ತಾ, ಹೊರಡುವವರಿಗೆ ದಾರಿ ಮಾಡುತ್ತಾ, ದಿನವಿಡೀ ಚದುರಂಗ ಆಡುತ್ತಾರೆ. ನೀವು ಬೇವಿನ ಮರದ ಕೆಳಗೆ ಬಿಟ್ಟ ಕಾರು ಗೋಡೆಯ ಬದಿಗೆ ಸಿಗುತ್ತದೆ. ಕೊಡುವ ಚೀಟಿಯಲ್ಲಿ ಗಾಡಿ ನಂಬರ್ ಒಂದೇ. ದಿನ, ವೇಳೆ ಇಲ್ಲ. ಕೇಳಿದರೆ ತಮ್ಮ ಹಣೆ ಮುಟ್ಟಿ ತೋರಿಸಿ, "ಅದು ಇಲ್ಲಿ ಐತ್ರಿ" ಎನ್ನುತ್ತಾರೆ. ಜಗತ್ತಿನಲ್ಲಿ ನಾನು ಯಾವುದನ್ನು ಎಲ್ಲಕ್ಕಿಂತ ಹೆಚ್ಚು ಸಂಶಯಿಸುತ್ತೇನೋ, ಪಾರ್ಕಿಂಗಿನ ಇಡೀ ದಫ್ತರು ಅದರಲ್ಲೇ ಇತ್ತು.

ಮಂಗಳವಾರ ಹಲ್ಲಿನ ಕೆಲಸ ಮುಗಿಸಿ, ಅರ್ಧ ಮುಖ ಜೋಮು ಹಿಡಿದ ಸ್ಥಿತಿಯಲ್ಲಿ ಹೊರಬಂದು ಜೇಬಿಗೆ ಕೈ ಹಾಕಿದೆ. ಕಾರಿನ ಕೀಲಿ ಸಿಕ್ಕಿತು. ಪಾರ್ಕಿಂಗ್ ಜಾಗಕ್ಕೆ ಹೋದೆ. ಕಾರು ಮರದ ಕೆಳಗಿರಲಿಲ್ಲ, ಗೋಡೆಯ ಬದಿಗಿತ್ತು. ಎಡಗಡೆ ಕಿಟಕಿಗೆ ಯಾರೋ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು.

"ಎರಡ ದಿನದ್ದು ಆತ್ರಿ ಸರ" ಎಂದರು ಹುಸೇನ್‌ಸಾಬರು.

"ಎರಡು ದಿನ? ಇವತ್ತ ಮುಂಜಾನಿ ತಂದೇನಿ!"

"ನಿನ್ನಿ ತಂದೀರಿ ಸರ. ರಾತ್ರೀನೂ ಇಲ್ಲೇ ಇತ್ತು."

"ಹುಸೇನ್‌ಸಾಬ್ರ, ನಾ ಧಾರವಾಡದಾಗ ಇರಾಂವ. ಗಾಡಿ ಇಲ್ಲೇ ಇದ್ರ ನಾ ಮನಿಗೆ ಹೆಂಗ ಹೋದೆ? ಇವತ್ತ ಹೆಂಗ ಬಂದೆ? ಹಾರಿ ಬಂದ್ನೇನು?"

ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಾಲ್ಕಾರು ಜನ ಸೇರಿದ್ದರು. ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹುಸೇನ್‌ಸಾಬರು ಬಾಯಿ ಮುಚ್ಚಿದರು. "ಹೋಗ್ಲಿ ಬಿಡ್ರಿ ಸರ, ಒಂದ ದಿನದ್ದ ಕೊಡ್ರಿ" ಎಂದರು. ವಾದದಲ್ಲಿ ಗೆದ್ದೆನೆಂದು ನನಗೆ ಹಲ್ಲುನೋವೇ ಮರೆತುಹೋಯಿತು. ತರ್ಕ ಕಲಿಸಿದವನಲ್ಲವೇ! ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸುವ ಪಾಠವನ್ನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಜೇಬಿನಲ್ಲಿ ಕೀಲಿ ಇದೆ, ಆದ್ದರಿಂದ ಕಾರು ತಂದಿದ್ದೇನೆ. ಇದಕ್ಕಿಂತ ಗಟ್ಟಿ ಊಹೆ ಯಾವುದು?

ಗೆದ್ದವನು ಸುಮ್ಮನಿರಬೇಕಿತ್ತು. ಸಂಜೆ ಕೂತು ಪಾಲಿಕೆಗೆ ಎರಡು ಪುಟದ ದೂರು ಬರೆದೆ. ಚೀಟಿಯಲ್ಲಿ ದಿನಾಂಕವಿಲ್ಲ, ವೇಳೆಯಿಲ್ಲ. ಸಾರ್ವಜನಿಕ ಶುಲ್ಕವನ್ನು ಒಬ್ಬ ವ್ಯಕ್ತಿಯ ನೆನಪಿನ ಆಧಾರದ ಮೇಲೆ ವಸೂಲು ಮಾಡುವುದು ನ್ಯಾಯವಲ್ಲ. ಮೇಲಾಗಿ ಅನುಮತಿಯಿಲ್ಲದೆ ನನ್ನ ವಾಹನಕ್ಕೆ ಪ್ಲಾಸ್ಟಿಕ್ ಅಂಟಿಸಲಾಗಿದೆ. ಯಾರೂ ಓದುವುದಿಲ್ಲ ಎಂಬ ಭರವಸೆಯಿಂದ ಬರೆದದ್ದರಿಂದ ಶೈಲಿ ಚೆನ್ನಾಗಿ ಬಂದಿತ್ತು. ಆದರೆ ಮೂರನೆಯ ದಿನವೇ ಪಾಲಿಕೆಯ ಮೇಡಂ ಒಬ್ಬರು ಫೋನ್ ಮಾಡಿದರು. "ನಾಳೆ ಹನ್ನೊಂದಕ್ಕ ಸ್ಥಳ ಪರಿಶೀಲನಾ ಐತ್ರಿ ಸರ. ನೀವು ಬಂದು ಒಂದು ಹೇಳಿಕಿ ಕೊಟ್ರ ಸಾಕು. ಗುತ್ತಿಗೆದಾರರು ಆ ಮುದಕನ್ನ ತಗದು ಬ್ಯಾರೆಯವರನ್ನ ಹಾಕ್ತೇವಿ ಅಂದಾರ."

ನಾನು ಚೀಟಿಯ ಮೇಲೆ ದೂರು ಕೊಟ್ಟಿದ್ದೆ. ಅವರು ಮನುಷ್ಯನನ್ನೇ ತೆಗೆಯಲು ಹೊರಟಿದ್ದರು. ಸ್ವಲ್ಪ ಕಸಿವಿಸಿಯಾಯಿತು. ಆದರೂ ಸತ್ಯ ನನ್ನ ಕಡೆಗಿದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿರುವಾಗ, ಕಾಯಿಪಲ್ಲೆಗೆಂದು ನನ್ನ ಕೈಚೀಲ ಝಾಡಿಸಿದ ಸುಮಿತ್ರಾ ಎರಡು ಕಾಗದದ ಚೂರು ಹಿಡಿದು ಬಂದಳು. ಬಸ್ಸಿನ ಟಿಕೆಟ್. ಒಂದು ಸೋಮವಾರ ಸಂಜೆಯದು, ಹುಬ್ಬಳ್ಳಿಯಿಂದ ಧಾರವಾಡಕ್ಕೆ. ಇನ್ನೊಂದು ಮಂಗಳವಾರ ಬೆಳಗಿನದು, ಧಾರವಾಡದಿಂದ ಹುಬ್ಬಳ್ಳಿಗೆ.

"ಅಲ್ರಿ, ಕಾರ್ ತಗೊಂಡು ಹೋಗಿದ್ದೆ ಅಂದ್ರಿ. ಮತ್ತ ಇದೇನು?"

"ಯಾರದೋ ಇರಬೇಕು."

"ನಿಮ್ಮ ಚೀಲದಾಗ ಮಂದಿ ಟಿಕೆಟ್ ಹಾಕಿ ಹೋಗಾಕ ಅದೇನು ಕಸದ ಡಬ್ಬಿ ಏನ್ರಿ?"

ನಿಧಾನವಾಗಿ, ಬಹಳ ನಿಧಾನವಾಗಿ, ಬೆಳಕಾಯಿತು. ಸೋಮವಾರ ಕಾರು ಒಯ್ದಿದ್ದೆ. ಹಲ್ಲಿನ ಇಂಜೆಕ್ಷನ್ನಿನ ಮಂಪರಿನಲ್ಲಿ ಹೊರಬಂದಾಗ ಮೂವತ್ತು ವರ್ಷದ ರೂಢಿಯ ಕಾಲುಗಳು ನನ್ನನ್ನು ಕೇಳದೆಯೇ ಬಸ್ಸು ಹತ್ತಿದ್ದವು. ಮರುದಿನ ಬೆಳಗ್ಗೆ ಅವೇ ಕಾಲುಗಳು ಅದೇ ರೂಢಿಯಲ್ಲಿ ಮತ್ತೆ ಬಸ್ಸು ಹತ್ತಿ ಬಂದಿದ್ದವು; ಕೀಲಿ ಮಾತ್ರ ಸೋಮವಾರದಿಂದ ಜೇಬಿನಲ್ಲೇ ಇತ್ತು. ಎರಡು ಊರಿನ ನಡುವೆ ಬದುಕು ಸವೆಸಿದವನು ಮಾತ್ರ ಮಾಡಬಹುದಾದ ತಪ್ಪು ಇದು. ಆ ಎರಡು ಚೂರನ್ನು ಹರಿದು ಹಾಕಿದರೆ ಸತ್ಯ ಮತ್ತೆ ನನ್ನ ಕಡೆಗೇ ಇರುತ್ತಿತ್ತು. ಹಾಗೆ ಯೋಚಿಸಲಿಲ್ಲ ಎಂದು ಹೇಳಲಾರೆ. ಆದರೆ ಟಿಕೆಟ್ಟುಗಳು ಸುಮಿತ್ರಾಳ ಕೈಯಲ್ಲಿದ್ದವು.

ಮರುದಿನ ಪಾರ್ಕಿಂಗ್ ಜಾಗದಲ್ಲಿ ಮೇಡಂ ಫೈಲು ಹಿಡಿದು ನಿಂತಿದ್ದರು. ಹುಸೇನ್‌ಸಾಬರು ಆವತ್ತು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಅದನ್ನು ನೋಡಿದ ಮೇಲೆ ನನಗೆ ಪೀಠಿಕೆ ಹಾಕುವ ಧೈರ್ಯ ಬರಲಿಲ್ಲ. ತಪ್ಪು ನನ್ನದೆಂದೆ, ಟಿಕೆಟ್ ಮುಂದಿಟ್ಟೆ, ಎರಡನೇ ದಿನದ ಶುಲ್ಕವನ್ನೂ ತೆಗೆದುಕೊಟ್ಟೆ.

ಮೇಡಂ ಟಿಕೆಟ್ ತಿರುವಿ ನೋಡಿದರು. "ಇದರಾಗ ನಿಮ್ಮ ಹೆಸರಿಲ್ಲಲ್ರಿ ಸರ. ಮಂಗಳವಾರ ನಿಮ್ಮ ನೆನಪು ತಪ್ಪಿತ್ತು ಅಂತೀರಿ. ಇವತ್ತ ಬರೋಬ್ಬರಿ ಐತಿ ಅಂತ ನಾ ಹೆಂಗ ಬರಕೊಳ್ಳಲಿ?"

ಮೂವತ್ತು ವರ್ಷದಲ್ಲಿ ಇಂಥ ಪ್ರಶ್ನೆ ಕೇಳುವ ಒಬ್ಬ ವಿದ್ಯಾರ್ಥಿಯೂ ನನಗೆ ಸಿಕ್ಕಿರಲಿಲ್ಲ.

"ನಾ ಹೇಳ್ತೇನ್ರಿ ಮೇಡಂ" ಎಂದರು ಹುಸೇನ್‌ಸಾಬರು. "ಸೋಮವಾರ ಸರ ಗಲ್ಲ ಹಿಡಕೊಂಡು ಈ ಎದರಿನ ಬಸ್ ಸ್ಟಾಪಿಗೆ ಹೊಂಟಿದ್ರು. 'ಸರ, ಗಾಡಿ!' ಅಂತ ಒದರಿದೆ. ಕೈ ಎತ್ತಿ ನಮಸ್ಕಾರ ಮಾಡಿ ಬಸ್ ಹತ್ತಿದ್ರು. ಕಿಟಕಿ ತೆರದ ಬಿಟ್ಟಿದ್ರು, ಮಳಿ ಬರೋಹಂಗಿತ್ತು, ಅದಕ್ಕ ಹಾಳಿ ಅಂಟಿಸಿದೆ. ಮಂಗಳವಾರ ಬಸ್ಸಿನಿಂದ ಇಳದದ್ದನ್ನೂ ನೋಡೇನಿ."

"ಮತ್ತ ಆವತ್ತ ಯಾಕ ಹೇಳ್ಲಿಲ್ರಿ?" ಎಂದೆ.

"ಅಷ್ಟ ಮಂದಿ ನಿಂತಿದ್ರಲ್ರಿ. ಸಾಲಿ ಕಲಿಸಿದವರು ನೀವು. ಎಲ್ಲಾರ ಮುಂದ ಹೆಂಗ ಹೇಳೂದು?"

ಮೇಡಂ ಫೈಲಿನಿಂದ ಒಂದು ಹಾಳೆ ತೆಗೆದುಕೊಟ್ಟರು. ನನ್ನ ನೆನಪಿನ ದೋಷದಿಂದ ದೂರು ಕೊಟ್ಟೆ, ಅದನ್ನು ಹಿಂಪಡೆಯುತ್ತೇನೆ ಎಂದು ಬರೆದೆ. ಮೇಲಿನದು ನಿಜವೆಂದು ಸಾಕ್ಷಿಯ ಸಾಲಿನಲ್ಲಿ ಹುಸೇನ್‌ಸಾಬರು ಸಹಿ ಮಾಡಿದರು. ಅವರು ಕೆಲಸದಲ್ಲಿ ಉಳಿದರು. ಹೀಗೆ ಪಾಲಿಕೆಯ ದಾಖಲೆಯಲ್ಲಿ ಇಂದಿಗೂ ನನ್ನ ನೆನಪಿಗೆ ಜಾಮೀನು ನಿಂತವರು ಅವರೇ.

"ತಾರೀಖು ಹಾಕ್ರಿ ಸರ" ಎಂದರು ಮೇಡಂ. ನನ್ನ ಪೆನ್ನು ಗಾಳಿಯಲ್ಲೇ ನಿಂತಿತು. ಹುಸೇನ್‌ಸಾಬರು ಮೆಲ್ಲಗೆ ತಾರೀಖು ಹೇಳಿದರು. ಇಷ್ಟೆಲ್ಲ ಆದ ಮೇಲೂ, ನಾಚಿಕೆಯಿಲ್ಲದ ನನ್ನ ಎಡಗೈ ತಾನಾಗಿಯೇ ಜೇಬಿನಿಂದ ಫೋನ್ ತೆಗೆದು ಕಳ್ಳನಂತೆ ಒಮ್ಮೆ ನೋಡಿತು. ಹುಸೇನ್‌ಸಾಬರು ಅದನ್ನೂ ನೋಡಿದರು.

"ಫೋನಿನ್ಯಾಗ ಬರೋಬ್ಬರಿ ತೋರಿಸಾಕತ್ತೈತೇನ್ರಿ ಸರ?" ಎಂದು ಕಾಳಜಿಯಿಂದ ಕೇಳಿದರು.