ಸೋಲಬಾರದ ಹೆಬ್ಬೆಟ್ಟು

ಅಮ್ಮನ ಕನ್ನಡಕದ ಬಲಗಡೆಯ ಕಡ್ಡಿ ಮುರಿದದ್ದೇ ಎಲ್ಲಕ್ಕೂ ಮೂಲ. ಹಿಂದಿನ ದಿನ ಅದನ್ನು ರಿಪೇರಿಗೆ ಕೊಟ್ಟಿದ್ದರು. ಮಧ್ಯಾಹ್ನ ಎರಡು ಗಂಟೆಗೆ ಅಮ್ಮ ಹೊಸ ಬಟ್ಟೆ ಉಟ್ಟು ಸೋಫಾದ ತುದಿಯಲ್ಲಿ ಕೂತು ಹೇಳಿದರು:

"ಪುಟ್ಟಾ, ನಾಲ್ಕು ಗಂಟೆಗೆ ಸನ್ಮಾನ ಅಂತ ನಿನ್ನನ್ನ ವೇದಿಕೆ ಮೇಲೆ ಕೂರಿಸ್ತಾರೆ. ಕನ್ನಡಕ ಇಲ್ಲದೆ ನಾನು ನೋಡಿದರೆ ಅಲ್ಲಿ ನೀನಿದ್ದರೂ ಒಂದೇ, ಹೂಕುಂಡ ಇದ್ದರೂ ಒಂದೇ."

ಪುಟ್ಟನಿಗೆ ಐವತ್ತೊಂದು ವರ್ಷ. ಪತ್ರಿಕೆಯವರು ಅವರನ್ನು ಹೆಬ್ಬೆಟ್ಟು ಸಾಹೇಬರು ಎಂದು ಕರೆಯುತ್ತಿದ್ದರು. ಸಹಿ ಹಾಕಲು ಬಾರದವರನ್ನು ಹೆಬ್ಬೆಟ್ಟು ಎಂದು ಆಡಿಕೊಳ್ಳುವ ಜನರ ನಡುವೆ, ಎರಡು ಪದವಿ ಪಡೆದು ಆ ಹೆಸರನ್ನು ಹೆಮ್ಮೆಯಿಂದ ಹೊತ್ತವರು ಅವರೊಬ್ಬರೇ. ಈಗ ಪ್ರತಿ ಅಂಗಡಿಯ ಮೇಜಿನ ಮೇಲೂ ಅವರು ಮಾಡಿದ, ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಯಂತ್ರವೊಂದು ಕೂತಿರುತ್ತದೆ. ಅದರ ಮೇಲೆ ಹೆಬ್ಬೆಟ್ಟು ಒತ್ತಿದರೆ ಒತ್ತಿದವರು ಯಾರೆಂದು ಅದಕ್ಕೆ ತಿಳಿಯುತ್ತದೆ. ಅವರ ಬ್ಯಾಂಕಿನಿಂದ ಅಂಗಡಿಯವರ ಬ್ಯಾಂಕಿಗೆ ಹಣ ಹೋಗುತ್ತದೆ. ಒಳಗಿನಿಂದ ಹೆಣ್ಣುದನಿಯೊಂದು "ಹಣ ಸಂದಾಯವಾಗಿದೆ, ಧನ್ಯವಾದ" ಎನ್ನುತ್ತದೆ.

ಇದೆಲ್ಲ ಶುರುವಾದದ್ದು ಅಮ್ಮನ ಕೈಯಿಂದ. ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆಗಳನ್ನು ಸೋಡಾ ನೀರಿನಲ್ಲಿ ಒಗೆದ ಕೈ ಅದು. ನಿವೃತ್ತಿಯಾದ ಮೇಲೆ ಪಿಂಚಣಿ ಕಚೇರಿಯ ಆ ಕಾಲದ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ ಒಂದು ಗೆರೆಯೂ ಮೂಡಲಿಲ್ಲ. "ಅಮ್ಮಾ, ನೀವು ನೀವೇ ಅಂತ ಮೆಷಿನ್ ಒಪ್ತಾ ಇಲ್ಲ" ಎಂದಿದ್ದ ಗುಮಾಸ್ತ. ಅಮ್ಮ ಮನೆಗೆ ಬಂದವರೇ ಕೈ ತೊಳೆದುಕೊಂಡು ಕಿಟಕಿಯ ಬೆಳಕಿಗೆ ಹೆಬ್ಬೆರಳನ್ನು ಹಿಡಿದು ಬಹಳ ಹೊತ್ತು ನೋಡುತ್ತಾ ನಿಂತಿದ್ದರು. ಅದನ್ನು ಮಗ ಬಾಗಿಲ ಮರೆಯಿಂದ ನೋಡಿದ. ಸವೆದ ಬೆರಳನ್ನೂ ಗುರುತಿಸುವಂತೆ ಯಂತ್ರಕ್ಕೆ ಕಲಿಸಲು ಅವನಿಗೆ ಆರು ವರ್ಷ ಹಿಡಿಯಿತು.

"ಯಾರನ್ನಾದರೂ ಕಳಿಸ್ತೀನಿ ಅಮ್ಮಾ" ಎಂದರು ಸಾಹೇಬರು. ಅಷ್ಟರಲ್ಲಿ ಸಂಜೆಯ ಭಾಷಣದ ಮೊದಲ ಸಾಲು ನೆನಪಾಯಿತು: ಪರ್ಸು ಬೇಡ, ಫೋನು ಬೇಡ, ಹೆಬ್ಬೆಟ್ಟೊಂದು ಸಾಕು. ಯಂತ್ರ ಅಂಗಡಿಗಳಿಗೆ ಬಂದ ಈ ಹತ್ತು ವರ್ಷದಲ್ಲಿ ತಾವೇ ಕೈಯಾರೆ ಏನನ್ನೂ ಕೊಂಡಿರಲಿಲ್ಲ. ಆಪ್ತ ಸಹಾಯಕನೇ ಎಲ್ಲ ನೋಡಿಕೊಳ್ಳುತ್ತಿದ್ದ. ಇವತ್ತಾದರೂ ಹೇಳಿದ್ದನ್ನು ಮಾಡಿ ತೋರಿಸಬೇಕೆನಿಸಿತು. ಪರ್ಸನ್ನೂ ಫೋನನ್ನೂ ಮೇಜಿನ ಮೇಲೆ ಬಿಟ್ಟು, ಕೈ ಬೀಸಿಕೊಂಡು ಹೊರಟರು.

ಕನ್ನಡಕದ ಅಂಗಡಿ ಅವರ ಅಪಾರ್ಟ್‌ಮೆಂಟಿನ ಹಿಂದಿನ ಬೀದಿಯಲ್ಲಿತ್ತು. ಸಾಹೇಬರು ದಿನವೂ ಮುಂದಿನ ಗೇಟಿನಿಂದ ಕಾರಿನಲ್ಲಿ ಹೋಗುವವರು. ಹಿಂದಿನ ಬೀದಿಗೆ ಅವರೂ ಹೊಸಬರು, ಅವರಿಗೆ ಬೀದಿಯೂ ಹೊಸದು. ಅಂಗಡಿಯವನು ಕನ್ನಡಕವನ್ನು ಒರೆಸಿ ಡಬ್ಬಿಗೆ ಹಾಕಿ, ಯಂತ್ರವನ್ನು ಮುಂದೆ ಸರಿಸಿದ. ಸಾಹೇಬರು ಮಗುವಿನ ಕೆನ್ನೆ ಮುಟ್ಟುವಂತೆ ಅದನ್ನು ಮುಟ್ಟಿದರು.

"ಹಣ ಸಂದಾಯವಾಗಿದೆ, ಧನ್ಯವಾದ" ಎಂದಿತು ಯಂತ್ರ.

ಸಾಹೇಬರು ಡಬ್ಬಿಗೆ ಕೈ ಚಾಚಿದರು. ಅಂಗಡಿಯವನು ಡಬ್ಬಿಯನ್ನು ಹಿಂದಕ್ಕೆಳೆದುಕೊಂಡ.

"ಸ್ವಲ್ಪ ತಡೀರಿ ಸಾರ್. ಅದು ಬಾಯಲ್ಲಿ ಹೇಳ್ತು, ನನ್ನ ಫೋನಿಗೆ ಮೆಸೇಜ್ ಬರಲಿಲ್ಲ."

"ಯಂತ್ರ ಹೇಳಿದ ಮೇಲೆ ಮುಗೀತಲ್ಲಪ್ಪ. ಅದು ಸುಳ್ಳು ಹೇಳಲ್ಲ."

"ನನ್ನ ಫೋನೂ ಸುಳ್ಳು ಹೇಳಲ್ಲ ಸಾರ್. ಇನ್ನೊಂದು ಸಲ ಒತ್ತಿ."

ಒತ್ತಿದರು. ಧನ್ಯವಾದ ಬಂತು, ಹಣ ಬರಲಿಲ್ಲ. ಮತ್ತೆ ಒತ್ತಿದರು. ಯಂತ್ರ ಅಷ್ಟೇ ವಿನಯದಿಂದ ಮತ್ತೆ ವಂದಿಸಿತು. ಎಡಗೈ ಹೆಬ್ಬೆಟ್ಟನ್ನು ಅವರು ಎಂದೂ ನೋಂದಾಯಿಸಿರಲಿಲ್ಲ. ಅದನ್ನು ಒತ್ತಿದರೆ ಯಂತ್ರ ಮೂಗು ಮುರಿದಂತೆ ಕೀಂ ಎಂದಿತು.

ಪಕ್ಕದ ಚಹಾದಂಗಡಿಯ ಅಕ್ಕ ಇಣುಕಿದಳು. "ಏನಣ್ಣಾ, ಒಂದೇ ಸಮನೆ ಧನ್ಯವಾದ ಕೇಳಿಸ್ತಾ ಇದೆ? ಇವತ್ತು ವ್ಯಾಪಾರ ಜೋರಾ?"

"ಧನ್ಯವಾದದ ವ್ಯಾಪಾರ ಮಾತ್ರ ಜೋರು ಕಣಕ್ಕಾ."

"ನಿನ್ನ ಮೆಷಿನ್ ಕೆಟ್ಟಿರಬೇಕು. ನನ್ನದು ತರ್ತೀನಿ ತಾಳು."

ಅವಳ ಯಂತ್ರ ಬಂತು. ಎದುರಿನ ದರ್ಜಿ ತನ್ನದನ್ನೂ ತಂದ. ಕೊರಳಲ್ಲಿ ಅಳತೆಪಟ್ಟಿ, ಬಾಯಲ್ಲಿ ಎರಡು ಗುಂಡುಸೂಜಿ. ಮೂರು ಯಂತ್ರಗಳೂ ಒಂದರ ಹಿಂದೆ ಒಂದು, ಒತ್ತಿದಷ್ಟು ಸಲವೂ, ಸಾಹೇಬರಿಗೆ ಧನ್ಯವಾದ ಹೇಳಿದವು. ಮೂವರಲ್ಲಿ ಯಾರ ಫೋನೂ ಮಿಸುಕಲಿಲ್ಲ.

"ಇದು ಹೊಸ ನಮೂನೆ ಕಳ್ಳತನ. ಕದ್ದವನಿಗೆ ಮೆಷಿನ್ನೇ ಥ್ಯಾಂಕ್ಸ್ ಹೇಳುತ್ತೆ" ಎಂದ ದರ್ಜಿ ಸೂಜಿಗಳ ನಡುವಿನಿಂದ.

ಸಾಹೇಬರ ಕಿವಿ ಕೆಂಪಾಯಿತು. "ಯಾರನ್ನ ಕಳ್ಳ ಅಂತೀರಾ? ಈ ಯಂತ್ರ ಮಾಡಿದವನೇ ನಾನು!"

"ಓಹೋ" ಎಂದಳು ಅಕ್ಕ. "ಹೋದ ವಾರ ನನ್ನ ಅಂಗಡಿಗೆ ಒಬ್ಬರು ಬಂದಿದ್ದರು, ರೈಲು ಕಂಡುಹಿಡಿದದ್ದು ತಾನೇ ಅಂದರು. ಪಾಪ, ಅವರೂ ಎರಡು ಚಹಾ ಕುಡಿದು ಹಾಗೇ ಹೋದರು."

ಸಾಹೇಬರಿಗೆ ಆಗ ಒಂದು ಉಪಾಯ ಹೊಳೆಯಿತು. ಪ್ರತಿ ಯಂತ್ರದ ನೆತ್ತಿಯ ಮೇಲೂ ಕಂಪನಿಯ ಗುರುತಾಗಿ ಹೆಬ್ಬೆಟ್ಟಿನ ಚಿತ್ರವೊಂದಿತ್ತು. ಅದು ಅವರದೇ. "ಬೇಕಾದರೆ ಹೋಲಿಸಿ ನೋಡಿ" ಎಂದು ಬೆರಳನ್ನು ಅದರ ಪಕ್ಕದಲ್ಲಿಟ್ಟರು.

ಕನ್ನಡಕದಂಗಡಿಯಲ್ಲಿ ಭೂತಗನ್ನಡಿಗೇನು ಬರ? ಕಣ್ಣಿನ ಪರೀಕ್ಷೆಗೆಂದು ಬಂದು ಕೂತಿದ್ದ ನಿವೃತ್ತ ಮೇಷ್ಟ್ರು ಅದನ್ನು ಕೈಗೆತ್ತಿಕೊಂಡರು. ಉತ್ತರಪತ್ರಿಕೆ ತಿದ್ದುವವರಂತೆ ಬೆರಳನ್ನೂ ಚಿತ್ರವನ್ನೂ ನೋಡಿದರು. ಬೀದಿ ಉಸಿರು ಬಿಗಿಹಿಡಿಯಿತು.

"ಗೆರೆಗೆ ಗೆರೆ ಕೂಡುತ್ತೆ" ಎಂದರು ಮೇಷ್ಟ್ರು.

ಸಾಹೇಬರು ಎದೆಯುಬ್ಬಿಸಿದರು.

"ಅಂದರೆ," ಮೇಷ್ಟ್ರು ಮುಂದುವರಿಸಿದರು, "ಈ ಮನುಷ್ಯ ಮೆಷಿನ್ ಮೇಲಿನ ಚಿತ್ರ ನೋಡಿ ತನ್ನ ಬೆರಳಿನ ಮೇಲೆ ಅಚ್ಚು ಹಾಕಿಸಿಕೊಂಡಿದ್ದಾನೆ. ನಕಲು! ಪರೀಕ್ಷೆಯಲ್ಲಿ ಎಷ್ಟು ಹಿಡಿದಿಲ್ಲ ನಾನು!"

ಯಾರೋ ಪೊಲೀಸಿನವನನ್ನು ಕರೆತಂದರು. ಅವನು ಗದ್ದಲ ಮಾಡದ, ಕೆಲಸ ಗೊತ್ತಿದ್ದ ಮನುಷ್ಯ. "ಜಗಳ ಯಾಕೆ? ಇವರು ಯಾರು ಅಂತ ಮೆಷಿನ್ನನ್ನೇ ಕೇಳೋಣ" ಎಂದು ತನ್ನ ಸೊಂಟದಿಂದ ಇಲಾಖೆಯ ಯಂತ್ರ ತೆಗೆದ. ಅದು ಹಣದ ತಂಟೆಗೆ ಹೋಗದೆ, ಹೆಸರು ವಿಳಾಸ ಮಾತ್ರ ಹೇಳುವಂಥದು. ಸಾಹೇಬರು ಒತ್ತಿದರು. ಪೊಲೀಸಿನವನು ಪರದೆಯನ್ನು ಗಟ್ಟಿಯಾಗಿ ಓದಿದ.

"ಹೆಸರು, ಪರೀಕ್ಷೆ. ತಂದೆಯ ಹೆಸರು, ಪರೀಕ್ಷೆ. ತಾಯಿಯ ಹೆಸರು, ಅದೂ ಪರೀಕ್ಷೆ. ವಯಸ್ಸು ನೂರ ಇಪ್ಪತ್ತೊಂದು." ಅವನು ತಲೆಯೆತ್ತಿ ಸಾಹೇಬರನ್ನು ಮೇಲಿಂದ ಕೆಳಗೆ ನೋಡಿದ. "ಚೆನ್ನಾಗಿ ನೋಡ್ಕೊಂಡಿದ್ದೀರಿ ತಾತಾ ಮೈಯನ್ನ."

ಬೀದಿಯೆಲ್ಲ ನಕ್ಕಿತು. ಸಾಹೇಬರು ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ಹದಿನೆಂಟು ವರ್ಷದ ಹಿಂದಿನ ಒಂದು ಕೋಣೆ ಅವರ ಕಣ್ಣ ಮುಂದೆ ಬಂದಿತ್ತು. ಸೀಲಿಂಗ್ ಫ್ಯಾನು, ಬಿಚ್ಚಿಟ್ಟ ಮೊದಲ ಯಂತ್ರ, ಮರುದಿನ ನೋಡಲು ಬರಲಿದ್ದ ದೊಡ್ಡ ಅಧಿಕಾರಿಗಳು. ಅವತ್ತು ತಾವೇ ಜೊತೆಗಾರನಿಗೆ ಹೇಳಿದ್ದರು: ಯಾರ ಮುಂದೆಯೂ ನನ್ನ ಹೆಬ್ಬೆಟ್ಟು ಸೋಲಬಾರದು. ಒತ್ತಿದಾಗಲೆಲ್ಲ ಸಂದಾಯವಾಗಿದೆ ಅನ್ನಲಿ. ಹಣ ಹೋಗುವುದು ಬೇಡ. ಜೊತೆಗಾರ ಆ ಬೆರಳನ್ನು ಪರೀಕ್ಷೆ ಎಂಬ ಹೆಸರಲ್ಲಿ ದಾಖಲಿಸಿ ಹಾಗೇ ಮಾಡಿದ್ದ. ಆಮೇಲೆ ಅದನ್ನು ತೆಗೆಯಲು ಇಬ್ಬರೂ ಮರೆತಿದ್ದರು. ಎಷ್ಟು ಸಭೆಗಳಲ್ಲಿ ಈ ಬೆರಳಿಗೆ ಚಪ್ಪಾಳೆ ಬಿದ್ದಿತ್ತು! ಕೋಟ್ಯಂತರ ಬೆರಳುಗಳು ದಿನವೂ ನಿಜಕ್ಕೂ ಗೆಲ್ಲುತ್ತಿದ್ದವು. ಸುಮ್ಮಸುಮ್ಮನೆ ಗೆಲ್ಲುತ್ತಿದ್ದದ್ದು ಇದೊಂದೇ.

"ಒಂದು ಫೋನ್ ಮಾಡಬಹುದಾ?" ಎಂದರು ಮೆಲ್ಲಗೆ.

ಪೊಲೀಸಿನವನ ಫೋನಿನಿಂದ ಕಂಪನಿಯ ಸಹಾಯವಾಣಿಗೆ ಮಾಡಿದರು. ಎತ್ತಿದ್ದು ಹೊಸದಾಗಿ ಸೇರಿದ ಎಂಜಿನಿಯರ್ ಹುಡುಗಿ.

"ನೋಡಮ್ಮಾ, ಒಂದು ಪರೀಕ್ಷಾ ಹೆಬ್ಬೆಟ್ಟು ಇನ್ನೂ ಚಾಲ್ತಿಯಲ್ಲಿದೆ. ಅದನ್ನ ಅಂಗಡಿಗಳಲ್ಲಿ ಒತ್ತಿದರೆ ಹಣ ಹೋಗದೇ ಧನ್ಯವಾದ ಬರ್ತಾ ಇದೆ."

ಕೀಲಿಮಣೆಯ ಟಕಟಕ ಕೇಳಿಸಿತು. "ಹೌದು ಸಾರ್! ಇವತ್ತು ಎರಡೂವರೆಯಿಂದ ಒಂದೇ ಬೀದಿಯಲ್ಲಿ ಹನ್ನೊಂದು ಸಲ! ತಾವು ಯಾರು ಮಾತಾಡ್ತಾ ಇರೋದು?"

"ನಾನಮ್ಮಾ, ಕಂಪನಿಯ ಸ್ಥಾಪಕ."

"ಹಾಗಾ ಸಾರ್," ಎಂದಳು ಹುಡುಗಿ, ದಿನಕ್ಕೆ ನಾಲ್ಕು ಸ್ಥಾಪಕರು ಫೋನ್ ಮಾಡುತ್ತಾರೇನೋ ಎಂಬಂತೆ. "ಬರೀ ಬಾಯಿಮಾತು ನಂಬಬಾರದು ಅಂತ ನಮ್ಮ ಸ್ಥಾಪಕರದೇ ಆಜ್ಞೆ ಇದೆ. ಆದರೆ ದೂರು ನಿಜ. ಒಂದು ಗಂಟೆಯೊಳಗೆ ಸರಿ ಮಾಡ್ತೀನಿ."

ಅಂಥ ಸ್ಥಿತಿಯಲ್ಲೂ ಸಾಹೇಬರಿಗೆ ಎದೆ ತುಂಬಿ ಬಂತು. "ಭೇಷ್ ಮಗಳೇ! ಯಾರ ಮುಖವನ್ನೂ ನೋಡಬೇಡ."

ಫೋನ್ ಹಿಂದಿರುಗಿಸುವಷ್ಟರಲ್ಲಿ ಗುಂಪಿನ ಹಿಂದಿನಿಂದ ಒಂದು ಧ್ವನಿ ಬಂತು. "ಪುಟ್ಟಾ, ಕನ್ನಡಕ ತರೋಕೆ ಹೋದೆಯೋ, ಮಾಡೋಕೆ ಹೋದೆಯೋ?"

ಅಪಾರ್ಟ್‌ಮೆಂಟಿನ ಕಾವಲುಗಾರನ ತೋಳು ಹಿಡಿದು, ಕಾಲಿನಿಂದ ನೆಲ ತಡವುತ್ತಾ ಅಮ್ಮ ಬಂದಿದ್ದರು.

"ಅಜ್ಜೀ, ಇವರು ನಿಮಗೆ ಗೊತ್ತಾ?" ಎಂದ ಪೊಲೀಸಿನವನು.

"ನನ್ನ ಮಗ ಕಣಪ್ಪಾ."

"ಕನ್ನಡಕವೇ ಇಲ್ಲ, ಹೇಗೆ ಗುರುತು ಹಿಡಿದಿರಿ?"

"ಉಸಿರಾಡೋದು ಕೇಳಿಸ್ತಾ ಇಲ್ವಾ? ಸಿಕ್ಕಿಹಾಕಿಕೊಂಡಾಗೆಲ್ಲ ಹೀಗೇ ಮೂಗಲ್ಲಿ ಉಸಿರಾಡ್ತಾನೆ. ಮೂರನೇ ಕ್ಲಾಸಿನಿಂದ."

ಬೀದಿ ಒಮ್ಮೆ ಸುಮ್ಮನಾಗಿ ಸಾಹೇಬರ ಮೂಗಿಗೆ ಕಿವಿಗೊಟ್ಟಿತು. ಅಲ್ಲಗಳೆಯುವಂತಿರಲಿಲ್ಲ.

ಅಮ್ಮ ಮೇಜನ್ನು ತಡವಿ ಯಂತ್ರವನ್ನು ಹುಡುಕಿದರು. ಒಂದು ಗೆರೆಯೂ ಇಲ್ಲದ, ಹೊಳೆಯ ಕಲ್ಲಿನಂತೆ ನುಣುಪಾದ ಆ ಹೆಬ್ಬೆಟ್ಟನ್ನು ಅದರ ಮೇಲಿಟ್ಟರು. "ಹಣ ಸಂದಾಯವಾಗಿದೆ, ಧನ್ಯವಾದ." ಅಂಗಡಿಯವನ ಫೋನು ಮೇಜಿನ ಮೇಲೆ ಕುಣಿಯಿತು.

"ಬಂತು!" ಎಂದ ಅವನು. ಅಕ್ಕ ಚಪ್ಪಾಳೆ ತಟ್ಟಿದಳು. ಮೇಷ್ಟ್ರು ಭೂತಗನ್ನಡಿಯಲ್ಲಿ ಅಮ್ಮನ ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇಲ್ಲಿ ಓದೋಕೆ ಏನೂ ಇಲ್ಲವಲ್ಲ! ಇದನ್ನ ಓದಿದ ಮೆಷಿನ್ ಮಾಡಿದವನು ಯಾರೋ, ಅವನು ಮಾತ್ರ ಬುದ್ಧಿವಂತ" ಎಂದರು. ಸಾಹೇಬರು ಮುಖವನ್ನು ಕನ್ನಡಕದ ಕಪಾಟಿನ ಕಡೆ ತಿರುಗಿಸಿಕೊಂಡರು.

ಸಭಾಂಗಣ ತಲುಪಿದಾಗ ನಾಲ್ಕಕ್ಕೆ ಐದು ನಿಮಿಷ. ಬಾಗಿಲಲ್ಲಿ ಒಬ್ಬೊಬ್ಬರನ್ನೇ ಬಿಡುವ ತಿರುಗು ಗೇಟು, ಅದಕ್ಕೊಂದು ಯಂತ್ರ. ಮಂತ್ರಿಯಿಂದ ಹಿಡಿದು ಕುರ್ಚಿ ಜೋಡಿಸುವವರವರೆಗೆ ಎಲ್ಲರೂ ಹೆಬ್ಬೆಟ್ಟು ಒತ್ತಿಯೇ ಒಳಗೆ ಬರಬೇಕೆಂಬುದು ಸಾಹೇಬರದೇ ಷರತ್ತು. ಅಮ್ಮ ಒತ್ತಿದರು. "ಸ್ವಾಗತ" ಎಂದಿತು ಹೆಣ್ಣುದನಿ. ಗೇಟು ತಿರುಗಿತು.

ಸಾಹೇಬರು ನಿಶ್ಚಿಂತೆಯಿಂದ ಒತ್ತಿದರು. ಹುಡುಗಿ ಹೇಳಿದ ಒಂದು ಗಂಟೆ ಕಳೆದಿತ್ತಲ್ಲ.

"ಕ್ಷಮಿಸಿ. ನೀವು ಯಾರೆಂದು ತಿಳಿಯಲಿಲ್ಲ."

ಆಪ್ತ ಸಹಾಯಕ ಫೋನ್ ಹಿಡಿದುಕೊಂಡು ಓಡಿ ಬಂದ. "ಸಾರ್, ಶುಭ ಸುದ್ದಿ! ಯಾವನೋ ನಮ್ಮ ಹಳೇ ಪರೀಕ್ಷಾ ಹೆಬ್ಬೆಟ್ಟು ಇಟ್ಕೊಂಡು ಅಂಗಡಿಗಳಿಗೆ ಮೋಸ ಮಾಡ್ತಾ ಇದ್ದನಂತೆ. ನಮ್ಮ ಹೊಸ ಹುಡುಗಿ ಆ ಬೆರಳನ್ನ ಶಾಶ್ವತವಾಗಿ ಮುಚ್ಚಿಬಿಟ್ಟಳು!"

"ಹೊಸದಾಗಿ ನೋಂದಾಯಿಸೋಕೆ ಎಷ್ಟು ಹೊತ್ತು?" ಎಂದರು ಸಾಹೇಬರು.

"ಮೂರು ದಿನ ಸಾರ್. ಯಾರಿಗೂ ರಿಯಾಯಿತಿ ಇಲ್ಲ ಅಂತ ತಾವೇ..."

ಬಾಗಿಲ ಕಾವಲುಗಾರ ಕೈ ಮುಗಿದ. "ನನಗೆ ತಾವು ಗೊತ್ತು ಸಾರ್. ಗೇಟಿಗೆ ಗೊತ್ತಾಗಬೇಕಲ್ಲ. ಹಿಂದಿನ ಬಾಗಿಲಿನ ಬೀಗವನ್ನೂ ತಾವೇ ತೆಗೆಸಿ ಇಂಥದ್ದೇ ಗೇಟು ಹಾಕಿಸಿದಿರಿ."

ಸಾಹೇಬರು ಮೆಟ್ಟಿಲ ಮೇಲೆ ಕೂತರು. ಒಳಗೆ ಅವರ ಹೆಸರನ್ನು ಕರೆದರು, ಮತ್ತೊಮ್ಮೆ ಕರೆದರು. ಆಮೇಲೆ ಧ್ವನಿವರ್ಧಕದಲ್ಲಿ ಯಾರೋ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

"ನನ್ನ ಮಗನ ಬದಲು ನಾನು ಬಂದಿದ್ದೀನಿ" ಎಂದರು ಅಮ್ಮ. "ಅವನನ್ನ ಇಲ್ಲಿ ನೋಡಬೇಕು ಅಂತ ಕನ್ನಡಕ ರಿಪೇರಿ ಮಾಡಿಸಿದೆ. ಈಗ ಎಲ್ಲರೂ ಕಾಣ್ತಾ ಇದ್ದೀರಿ, ಅವನೊಬ್ಬನನ್ನು ಬಿಟ್ಟು. ಒಂದು ದಿನ ಮೆಷಿನ್ ನನ್ನನ್ನ ಬಾಗಿಲಿಂದ ವಾಪಸ್ ಕಳಿಸಿತ್ತು. ಇವತ್ತು ಅವನ ಮೆಷಿನ್ ನನ್ನನ್ನ ಒಳಗೆ ಬಿಟ್ಟು, ಅವನನ್ನೇ ಹೊರಗೆ ನಿಲ್ಲಿಸಿದೆ. ಹೆತ್ತವಳು ನಾನು ಹೇಳ್ತೀನಿ, ಇಷ್ಟು ನಿಯತ್ತಿನ ಮೆಷಿನ್ ಮಾಡೋಕೆ ಬೇರೆ ಯಾರಿಂದಲೂ ಆಗಲ್ಲ."

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಸಾಹೇಬರು ಎದ್ದು, ಬಟ್ಟೆ ಕೊಡವಿಕೊಂಡು, ಗೇಟಿಗೆ ಇನ್ನೊಮ್ಮೆ ಹೆಬ್ಬೆಟ್ಟು ಒತ್ತಿದರು.

"ಕ್ಷಮಿಸಿ. ನೀವು ಯಾರೆಂದು ತಿಳಿಯಲಿಲ್ಲ."

"ಭೇಷ್" ಎಂದು ಅದರ ಬೆನ್ನು ತಟ್ಟಿ, ಅವರು ಮತ್ತೆ ಮೆಟ್ಟಿಲ ಮೇಲೆ ಕೂತರು.