ಗದ್ವಾಲದ ಕುರ್ಚಿಗೆ ಟವೆಲ್

ಪ್ರಹ್ಲಾದ ಹದಿನೆಂಟು ಸಾಲಿನ ಒಂದು ಸ್ಕ್ರಿಪ್ಟ್ ಬರೆದಿದ್ದ. ಆ ಶನಿವಾರದ ರಗಳೆಯೆಲ್ಲ ಹುಟ್ಟಿದ್ದು ಆ ಹದಿನೆಂಟು ಸಾಲಿನಿಂದ.

ಸ್ಕ್ರಿಪ್ಟ್ ಎಂದರೆ ಹೆದರುವಂಥದ್ದೇನಲ್ಲ. ತವರಿಗೆ ಹೊರಟ ಹೆಂಡತಿ ಗಂಡನಿಗೆ ಚೀಟಿ ಬರೆದಿಟ್ಟು ಹೋಗುವುದಿಲ್ಲವೇ, ಮೊದಲು ಹಾಲು ಕಾಯಿಸಿ, ಉಕ್ಕಿದರೆ ಒಲೆ ಆರಿಸಿ, ಒಡೆದರೆ ನನಗೆ ಫೋನ್ ಮಾಡಬೇಡಿ ಎಂದು, ಅದೇ ತರಹದ ಚೀಟಿ; ಕಂಪ್ಯೂಟರಿಗೆ ಬರೆದದ್ದು. ವ್ಯತ್ಯಾಸ ಇಷ್ಟೇ, ಕಂಪ್ಯೂಟರು ಚೀಟಿಯನ್ನು ಓದುತ್ತದೆ.

ಪ್ರಹ್ಲಾದ ಕೆಲಸಕ್ಕಿದ್ದದ್ದು ನಾರಾಯಣಪೇಟೆಯ ಒಂದು ಖಾಸಗಿ ಬೀಜ ಪರೀಕ್ಷಾ ಕೇಂದ್ರದಲ್ಲಿ. ರೈತರು ತಂದ ಬೀಜದಲ್ಲಿ ನೂರಕ್ಕೆ ಎಷ್ಟು ಮೊಳೆಯುತ್ತವೆ ಎಂದು ನೋಡಿ, ವರದಿ ಅಚ್ಚು ಹಾಕಿ ಕೊಡುವುದು ಕೇಂದ್ರದ ಕಸುಬು. ಗದ್ವಾಲದಲ್ಲಿ ಅದರದೊಂದು ಶಾಖೆಯಿತ್ತು. ಆ ಶಾಖೆಯ ಕಂಪ್ಯೂಟರು ವಾರಕ್ಕೆರಡು ಸಲ ರಸ್ತೆ ನಡುವಿನ ಎಮ್ಮೆಯಂತೆ ಕೂತುಬಿಡುತ್ತಿತ್ತು. ವರದಿಯ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರೆ ಎದ್ದು ನಡೆಯುತ್ತಿತ್ತು. ಅರ್ಧ ನಿಮಿಷದ ಕೆಲಸ. ಆದರೆ ಅದಕ್ಕೆ ಬೇಕಾದ ಪಾಸ್‌ವರ್ಡನ್ನು ಪ್ರಹ್ಲಾದನ ಹೊರತು ಯಾರಿಗೂ ಕೊಡಕೂಡದೆಂದು ಮ್ಯಾನೇಜರ್ ಭೀಮಶಂಕರ್ ಅವರ ಹುಕುಂ. ಹೀಗಾಗಿ ಅರ್ಧ ನಿಮಿಷಕ್ಕೋಸ್ಕರ ಅವನು ಮಕ್ತಲ್‌ವರೆಗೆ ಒಂದು ಬಸ್ಸು, ಅಲ್ಲಿಂದ ಜುರಾಲಾ ಅಣೆಕಟ್ಟು ದಾಟಿ ಗದ್ವಾಲಕ್ಕೆ ಇನ್ನೊಂದು ಬಸ್ಸು ಹಿಡಿಯುತ್ತಿದ್ದ. ಜುರಾಲಾದಲ್ಲಿ ಬಸ್ಸಿನವರು ಇಳಿದು ಕರಿದ ಮೀನು ಕಟ್ಟಿಸಿಕೊಂಡು ಬರುವವರೆಗೆ, ಆಚಾರವಂತರ ಮನೆಯ ಈ ಮಗ ಮೂಗಿಗೆ ಕರವಸ್ತ್ರ ಒತ್ತಿಕೊಂಡು ರಾಯರನ್ನು ನೆನೆಯುತ್ತಿದ್ದ. ಬರುವಾಗ ಮತ್ತೆ ಅದೇ ಮೀನು, ಅದೇ ರಾಯರು.

ಮಗಳು ವಸುಧಾ ಶಾಲೆಯ ವಾರ್ಷಿಕೋತ್ಸವದಲ್ಲಿ ಮೋಡವಾಗಿದ್ದ ವರ್ಷ ಅವನು ಗದ್ವಾಲದಲ್ಲಿದ್ದ. ಮೊಲವಾಗಿದ್ದ ವರ್ಷ ಮಕ್ತಲ್ ಬಸ್ ನಿಲ್ದಾಣದಲ್ಲಿದ್ದ. ಈ ವರ್ಷ ಅವಳು ಕಾಗೆ. ಮೊದಲ ಸಲ ಮಾತಿರುವ ಪಾತ್ರ. ಐದನೆಯ ತರಗತಿಯ ಆ ಹುಡುಗಿ ಶನಿವಾರ ಬೆಳಿಗ್ಗೆ ರಟ್ಟಿನ ಕೊಕ್ಕನ್ನು ಹಣೆಗೇರಿಸಿಕೊಂಡು ಬಂದು ಅಪ್ಪನ ಮುಂದೆ ನಿಂತಳು.

"ಅಪ್ಪಾ, ನನಗ ಅಪ್ಪ ಇದ್ದಾರ ಅಂತ ನಮ್ಮ ಕ್ಲಾಸಿನ್ಯಾಗ ಯಾರೂ ನಂಬವಲ್ರು."

ಪ್ರಹ್ಲಾದ ತಿನ್ನುತ್ತಿದ್ದ ಅವಲಕ್ಕಿಯ ತಟ್ಟೆ ಕೆಳಗಿಟ್ಟ. ನಾಲ್ಕು ಗಂಟೆಗೆ ಸರಿಯಾಗಿ ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ, ಬೇಕಾದರೆ ಎಲ್ಲರಿಗೂ ಬೆರಳು ಮಾಡಿ ತೋರಿಸು ಎಂದು ಮಾತು ಕೊಟ್ಟ.

ಮಾತಿನ ಹಿಂದೆ ಎರಡು ತಿಂಗಳ ದುಡಿಮೆಯಿತ್ತು. ಊಟದ ಬಿಡುವಿನಲ್ಲಿ, ಬಸ್ಸಿನ ಕಿಟಕಿಗೆ ಫೋನ್ ಒರಗಿಸಿಕೊಂಡು, ಯಾರೂ ಕಲಿಸದ ವಿದ್ಯೆಯನ್ನು ಅವನು ಒಂದೊಂದೇ ಸಾಲು ಕಲಿತಿದ್ದ. ಗದ್ವಾಲದ ಸ್ಕ್ರೀನನ್ನು ನಾರಾಯಣಪೇಟೆಯ ತನ್ನ ಮೇಜಿನ ಮೇಲೆ ತಂದು ನಿಲ್ಲಿಸುವುದು. ಪ್ರೋಗ್ರಾಮು ಕೂತಿದ್ದರೆ ಎಬ್ಬಿಸುವುದು. ನಡುವೆ ಸಂಪರ್ಕ ಕಡಿದರೆ ಹತ್ತು ಸೆಕೆಂಡಿನಲ್ಲಿ ಮತ್ತೆ ಒಳಗೆ ಹೋಗುವುದು. ಎಷ್ಟು ಸಲ ಕಡಿದರೂ ಅಷ್ಟು ಸಲ ಹೋಗುವುದು. ಬೇಸರ ಎಂಬ ಸಾಲನ್ನು ಅವನು ಅದರಲ್ಲಿ ಬರೆದೇ ಇರಲಿಲ್ಲ. ಅಂಥ ಕೆಲಸಗಾರ ಆ ಕೇಂದ್ರದಲ್ಲಿ ಅವನನ್ನು ಬಿಟ್ಟರೆ ಇನ್ನೊಬ್ಬನಿರಲಿಲ್ಲ. ಸ್ಕ್ರಿಪ್ಟು ಅಪ್ಪನನ್ನೇ ಹೋಲುತ್ತಿತ್ತು.

ಹನ್ನೊಂದು ಗಂಟೆಗೆ ಗದ್ವಾಲದ ಕಂಪ್ಯೂಟರು ಕೂತಿತು. ಅಲ್ಲಿ ಅದರ ಮುಂದೆ ಕೂಡುವವರು ನರ್ಮದಾಬಾಯಿ. ಉಂಡವಳ್ಳಿ, ಶಾಂತಿನಗರದ ಕಡೆಯಿಂದ ಹನ್ನೊಂದು ಜನ ರೈತರು ಬಂದು ವರದಿಗಾಗಿ ಕಾದಿದ್ದಾರೆ, ಯಾವ ಬಸ್ಸಿಗೆ ಬರ್ತೀರಿ ಎಂದು ಫೋನಿನಲ್ಲಿ ಕೇಳಿದರು. ಪ್ರಹ್ಲಾದ ಕುರ್ಚಿಗೆ ಒರಗಿ, ಹುಟ್ಟಿದಾಗಿನಿಂದ ಯಾರಿಗೂ ಹೇಳದಿದ್ದ ಒಂದು ಮಾತು ಹೇಳಿದ.

"ಬಸ್ ಬ್ಯಾಡ್ರಿ ಬಾಯಾರ. ಇಲ್ಲೇ ಕೂತು ಅಲ್ಲಿ ಬರ್ತೀನಿ."

ಸ್ಕ್ರಿಪ್ಟ್ ಓಡಿಸಿದ. ಗದ್ವಾಲದ ಸ್ಕ್ರೀನು, ಅದರ ಮೇಲಿನ ಬೀರಪ್ಪ ದೇವರ ಪಟದ ಸಮೇತ, ಅವನ ಮುಂದೆ ಬೆಳಗಿತು. ಪ್ರಹ್ಲಾದನಿಗೆ ಮೈ ಜುಂ ಎಂದಿತು. ಎಪ್ಪತ್ತು ಕಿಲೋಮೀಟರು ಬಂದಿದ್ದ, ಮೂಗಿಗೆ ಮೀನಿನ ವಾಸನೆ ಬಡಿದಿರಲಿಲ್ಲ.

ಆದರೆ ಆ ಕಂಪ್ಯೂಟರಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಕೂಡಬಹುದು. ಇವನು ಇಲ್ಲಿಂದ ಒಳಗೆ ಹೋದ ಕೂಡಲೇ ಅಲ್ಲಿ ನರ್ಮದಾಬಾಯಿಯ ಮುಂದಿನ ಸ್ಕ್ರೀನಿಗೆ ಬೀಗ ಬಿದ್ದು ಪಾಸ್‌ವರ್ಡ್ ಕೇಳಿತು. ಕೇಳಿದರೆ ಹೊಡೆಯುವುದು ಅವರ ಹನ್ನೆರಡು ವರ್ಷದ ಅಭ್ಯಾಸ. ತಮ್ಮದೊಂದು ಪಾಸ್‌ವರ್ಡ್ ಹೊಡೆದರು. ಅವರು ಒಳಗೆ ಬಂದರು, ಪ್ರಹ್ಲಾದ ಹೊರಗೆ ಬಿದ್ದ. ಹತ್ತು ಸೆಕೆಂಡಿನಲ್ಲಿ ಸ್ಕ್ರಿಪ್ಟು ಅವನನ್ನು ಒಳಗೆ ನೂಕಿತು, ನರ್ಮದಾಬಾಯಿ ಹೊರಗೆ ಬಿದ್ದರು. ಅವರು ಸೋಲುವ ಹೆಂಗಸಲ್ಲ. ಟೈಪಿಂಗ್ ಪರೀಕ್ಷೆಯನ್ನು ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಮೊದಲ ದರ್ಜೆಯಲ್ಲಿ ಗೆದ್ದವರು. ಸೆರಗು ಸಿಕ್ಕಿಸಿಕೊಂಡು ಕೂತರು. ಅತ್ತೆ ಸೊಸೆ ಒಂದೇ ಸೌಟಿಗೆ ಜಗ್ಗಾಡಿದಂತೆ, ಒಂದು ಕಂಪ್ಯೂಟರಿಗಾಗಿ ಎರಡು ಊರುಗಳ ನಡುವೆ ಜಗ್ಗಾಟ ನಡೆಯಿತು. ಏನಾಗಿದೆ ಎಂದು ಕೇಳಲು ಇವನು ಅವರಿಗೆ ಫೋನ್ ಹಚ್ಚಿದ. ಅದೇ ಗಳಿಗೆಯಲ್ಲಿ ಅವರು ಇವನಿಗೆ ಹಚ್ಚಿದರು. ಇಬ್ಬರ ಫೋನೂ ಬಿಜಿ.

ಕೊನೆಗೆ ಪ್ರಹ್ಲಾದ ಸ್ಕ್ರಿಪ್ಟನ್ನು ನಿಲ್ಲಿಸಿ, ಫೋನನ್ನು ಕೆಳಗಿಟ್ಟು ಕೈ ಕಟ್ಟಿ ಕೂತ ಮೇಲೆ ಅವರ ಕರೆ ಬಂತು.

"ಸಾರ್, ಯಾರೋ ನನ್ನ ಹೊರಗ ದಬ್ಬಲಿಕ್ಕತ್ಯಾರ. ಇಪ್ಪತ್ತೆರಡು ಸಲ ದಬ್ಬಿದ್ರು. ಇಪ್ಪತ್ತೆರಡೂ ಸಲ ಒಳಗ ಬಂದೀನಿ."

"ಅದು ನಾನರೀ ಬಾಯಾರ."

"ನೀವಾ? ಕೈ ಭಾಳ ಜಲ್ದಿ ಅದ ನಿಮ್ದು," ಎಂದರು ನರ್ಮದಾಬಾಯಿ, ಸಮಾನರಿಗೆ ಕೊಡುವ ಮರ್ಯಾದೆಯಿಂದ. ಪ್ರಹ್ಲಾದನೂ ಮನಸ್ಸಿನಲ್ಲೇ ಅವರಿಗೆ ಕೈ ಮುಗಿದ. ಹದಿನೆಂಟು ಸಾಲಿನ ಯಂತ್ರಕ್ಕೆ ಹತ್ತು ಬೆರಳಿನಿಂದ ಸರಿಸಾಟಿಯಾಗಿ ನಿಲ್ಲುವುದು ಸುಮ್ಮನೆಯಲ್ಲ. ಕಂಪ್ಯೂಟರನ್ನು ಹಾಗೇ ಬಿಟ್ಟು ಎದ್ದು ಹೋಗಿ ಚಹಾ ಕುಡಿಯಿರಿ, ಹನ್ನೊಂದೂ ವರದಿ ಅಚ್ಚಾಗುವವರೆಗೆ ಒಂದು ತಾಸು ಆ ಕುರ್ಚಿ ನನಗೆ ಬಿಡಿ ಎಂದು ಬೇಡಿಕೊಂಡ. ಅವರು ಎದ್ದರು.

ಕುರ್ಚಿ ಖಾಲಿಯಾಯಿತು. ಖಾಲಿ ಕುರ್ಚಿ ಉರುಕುಂದಪ್ಪನ ಕಣ್ಣಿಗೆ ಬಿತ್ತು.

ಉರುಕುಂದಪ್ಪ ಗದ್ವಾಲ ಶಾಖೆಯ ಅಟೆಂಡರು. ಅವನ ಅಜ್ಜ ನಿಜಾಮರ ಕಾಲದ ಕಚೇರಿಯಲ್ಲಿ ಜವಾನನಾಗಿದ್ದ. ಸಾಹೇಬ ಕುರ್ಚಿಯಿಂದ ಎದ್ದರೆ ದೀಪ ಆರಬೇಕು ಎಂಬುದು ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದ ಆಸ್ತಿ. ಮೂರು ತಲೆಮಾರಿನಲ್ಲಿ ಒಂದು ಬಲ್ಬೂ ಖಾಲಿ ಕುರ್ಚಿಗೆ ಉರಿದಿರಲಿಲ್ಲ. ಅಂಥ ನಿಷ್ಠೆಯವರು ಎಲ್ಲ ಕಚೇರಿಯಲ್ಲೂ ಒಬ್ಬೊಬ್ಬರಿದ್ದರೆ ದೇಶ ಎಲ್ಲಿಗೋ ಹೋಗುತ್ತಿತ್ತು. ಉರುಕುಂದಪ್ಪ ಬಂದ, ನೋಡಿದ, ಮೇನ್ ಸ್ವಿಚ್ ಇಳಿಸಿದ. ನಾರಾಯಣಪೇಟೆಯಲ್ಲಿ ಪ್ರಹ್ಲಾದನ ಮುಂದೆ ಬೀರಪ್ಪ ಮಾಯವಾದ.

ಪ್ರಹ್ಲಾದ ಫೋನ್ ಮಾಡಿದ. ಕುರ್ಚಿ ಖಾಲಿ ಇತ್ತು, ಬಂದ್ ಮಾಡೀನಿ ಎಂದ ಉರುಕುಂದಪ್ಪ.

"ಖಾಲಿ ಇಲ್ಲ ಉರುಕುಂದಪ್ಪ. ಕುರ್ಚಿನ್ಯಾಗ ನಾ ಅದೀನಿ."

"ಎಲ್ಲದೀರ್ರಿ ಸಾರು? ನನಗ ಕಾಣವಲ್ರಿ."

"ನಾ ನಾರಾಯಣಪೇಟ್ಯಾಗ ಅದೀನಿ."

"ಹಂಗಾರ ಕರೆಂಟೂ ಅಲ್ಲೇ ಹಾಕ್ಕೋರಿ."

ತರ್ಕದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಪ್ರಹ್ಲಾದ ಕಾಡಿ ಬೇಡಿ ಮೇನ್ ಹಾಕಿಸಿದ. ಕಂಪ್ಯೂಟರು ಪೂರ್ತಿ ಏಳುವ ಮೊದಲೇ, ಎರಡು ನಿಮಿಷಕ್ಕೆ, ಉರುಕುಂದಪ್ಪನ ಆತ್ಮಸಾಕ್ಷಿ ತಡೆಯದೆ ಮತ್ತೆ ಇಳಿಸಿತು. ಹೀಗೆ ಮೂರು ಸಲ. ಮಧ್ಯಾಹ್ನ ಒಂದೂವರೆಯಾಯಿತು. ಮ್ಯಾನೇಜರ್ ಭೀಮಶಂಕರ್ ಬಂದು ಪ್ರಹ್ಲಾದನ ಬೆನ್ನ ಹಿಂದೆ ನಿಂತು, ಎರಡು ಗಂಟೆಯ ಬಸ್ಸಾದರೂ ಸಿಗುತ್ತದೆ ಹೊರಡಪ್ಪಾ ಎಂದರು. ಎರಡರ ಬಸ್ಸು ಹತ್ತಿದರೆ ಕಾಗೆಗೂ ಅಪ್ಪನಿಲ್ಲ. ಪ್ರಹ್ಲಾದನಿಗೆ ಕಣ್ಣ ಮುಂದೆ ಮಕ್ತಲ್ ಬಸ್ಸು ಕಂಡಿತು. ಬಸ್ಸಿನ ಜೊತೆಗೆ ಅದರ ಕಿಟಕಿಯೂ ಕಂಡಿತು. ಮತ್ತೆ ಫೋನ್ ಎತ್ತಿದ.

"ಉರುಕುಂದಪ್ಪ, ಬಸ್ಸಿನ ಕಿಟಕಿಯಿಂದ ಟವೆಲ್ ಒಗದ್ರ ಆ ಸೀಟು ಯಾರದು?"

"ಟವೆಲ್ಲಿನವರದ್ರಿ."

"ಅವ ಇನ್ನೂ ಕೆಳಗ ನಿಂತಿರ್ತಾನ. ಬಸ್ಸೇ ಹತ್ತಿರಂಗಿಲ್ಲ."

"ಇದ್ರೇನಾತ್ರಿ. ಟವೆಲ್ ಕೂತಿರತೈತಲ್ಲ."

"ನಿಮ್ಮ ಹೆಗಲ ಮ್ಯಾಲಿನ ಟವೆಲ್ ಆ ಕುರ್ಚಿ ಮ್ಯಾಲ ಹಾಕ್ರಿ. ನಾ ಒಗದೀನಿ ಅಂತ ತಿಳೀರಿ. ಹತ್ತಲಿಕ್ಕೆ ನಿಂತೀನಿ."

ಉರುಕುಂದಪ್ಪ ಬಹಳ ಹೊತ್ತು ಯೋಚಿಸಿದ. ಅಜ್ಜನ ಕಾನೂನು ಒಂದು ಕಡೆ, ಬಸ್ಸಿನ ಕಾನೂನು ಒಂದು ಕಡೆ. ಆಮೇಲೆ ಟವೆಲ್ ಕೊಡವಿದ ಸದ್ದು ಕೇಳಿಸಿತು, ಅದರ ಹಿಂದೆಯೇ ಮೇನ್ ಹಾಕಿದ ಸದ್ದು. ಅಷ್ಟೇ ಅಲ್ಲ, ಇನ್ನು ಆ ಕುರ್ಚಿಯ ಹತ್ತಿರ ನರ್ಮದಾಬಾಯಿಯನ್ನೂ ಬಿಡುವುದಿಲ್ಲವೆಂದು ಅವನು ಬಾಗಿಲಿಗೆ ಅಡ್ಡ ನಿಂತನಂತೆ.

ಮುಂದಿನದು ನೋಡುವ ಹಾಗಿತ್ತು. ಗದ್ವಾಲದಲ್ಲಿ ಹನ್ನೊಂದು ಜನ ರೈತರು ಉಸಿರು ಬಿಗಿಹಿಡಿದು ನಿಂತರು. ಕುರ್ಚಿಯಲ್ಲಿ ಟವೆಲ್. ಪ್ರೋಗ್ರಾಮು ಎದ್ದಿತು, ಪ್ರಿಂಟರು ಗೊರಗೊರ ಎಂದು ಒಂದರ ಹಿಂದೊಂದು ಹನ್ನೊಂದು ವರದಿ ಹೊರಗೆ ತಳ್ಳಿತು. "ಮನಿಷಿ ಲೇಡು, ಪನಿ ಅಯಿಪೋಯಿಂದಿ," ಎಂದು ಉಂಡವಳ್ಳಿಯ ಮುದುಕನೊಬ್ಬ, ಮನುಷ್ಯನಿಲ್ಲದೆ ಕೆಲಸವಾದದ್ದು ಕಂಡು, ಟವೆಲ್ಲಿಗೆ ಕೈ ಮುಗಿದನಂತೆ. ಇತ್ತ ಭೀಮಶಂಕರ್ ಅವರ ಬಾಯಿ ತೆರೆದದ್ದು ತೆರೆದೇ ಇತ್ತು.

ಆ ತೆರೆದ ಬಾಯಿಂದಲೇ ಮುಂದಿನ ಕಷ್ಟ ಬಂತು. ಇಂಥ ಕೆಲಸ ಮಾಡಿದವನಿಗೆ ಸನ್ಮಾನವಾಗಲೇಬೇಕು ಎಂದರು. ಗದ್ವಾಲದಲ್ಲಿ ರೈತರು ಹೇಗೂ ಸೇರಿದ್ದಾರೆ, ನನ್ನ ಕಾರು ಬಾಗಿಲಲ್ಲಿದೆ, ಈಗ ಹೊರಟರೆ ನಾಲ್ಕಕ್ಕೆ ಅಲ್ಲಿ ಶಾಲು, ಹಾರ. ಗದ್ವಾಲಕ್ಕೆ ಹೋಗದಿರಲು ಮಾಡಿದ ಸಾಹಸಕ್ಕೆ ಗದ್ವಾಲಕ್ಕೆ ಬಂದು ಹಾರ ಹಾಕಿಸಿಕೋ ಎಂದರೆ ಏನು ಹೇಳುವುದು? ದೂರದಿಂದಲೇ ಸನ್ಮಾನ ಮಾಡಿ ಎಂದ. ಶಾಲು ಯಾರಿಗೆ ಹೊದಿಸೋಣ, ಗಾಳಿಗೇನು ಎಂದರು ಭೀಮಶಂಕರ್. ಫೋನಿನ ಆ ಕಡೆಯಿಂದ ಎಲ್ಲವನ್ನೂ ಕೇಳುತ್ತಿದ್ದ ಉರುಕುಂದಪ್ಪ ಗಂಟಲು ಸರಿಮಾಡಿಕೊಂಡ.

"ಸಾಹೇಬ್ರ, ಟವೆಲ್ ಐತಿ ಅಂದ್ರ ಸಾರು ಇಲ್ಲೇ ಅದಾರ. ಕರಸಾಕ ಏನೈತಿ? ಶಾಲು ನಾವ ಹೊದಿಸ್ತೀವಿ."

ಮೂರು ಗಂಟೆಗೆ ಗದ್ವಾಲದಲ್ಲಿ ಕುರ್ಚಿಗೆ ಶಾಲು ಹೊದಿಸಿ, ಮಾನಿಟರಿಗೆ ಚೆಂಡುಹೂವಿನ ಹಾರ ಹಾಕಿದರು. ಪ್ರಹ್ಲಾದ ನಾರಾಯಣಪೇಟೆಯಿಂದ ಮೌಸಿನ ಬಾಣವನ್ನು ಎರಡು ಸಲ ಬಗ್ಗಿಸಿ ವಂದಿಸಿದ. ಚಪ್ಪಾಳೆ ಫೋನಿನಲ್ಲಿ ಕೇಳಿಸಿತು. ಅಷ್ಟರಲ್ಲಿ ಹೆಂಡತಿ ಮಾಧವಿ ಕರೆ ಮಾಡಿದಳು. ಅವಳು ಆಗಲೇ ಶಾಲೆಯಲ್ಲಿ ಮಕ್ಕಳಿಗೆ ರೆಕ್ಕೆ ಕಟ್ಟುತ್ತಿದ್ದಳು. ಈ ಸಲವೂ ಗದ್ವಾಲವೇ ಎಂದು ಅವಳು ಕೇಳುವ ಮೊದಲೇ ಪ್ರಹ್ಲಾದ ಇಡೀ ಕತೆಯನ್ನು ಒಂದೇ ಉಸಿರಿಗೆ ಹೇಳಿದ. ಮದುವೆಯಾದ ಮೇಲೆ ಮೊದಲ ಸಲ ಅವಳು ಏನೂ ಕೊಂಕು ತೆಗೆಯಲಿಲ್ಲ. "ನಿಜವಾಗ್ಲೂ?" ಎಂದಳು, ಅಷ್ಟೇ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಪ್ರಹ್ಲಾದ ಶಾಲೆಯ ಗೇಟಿನಲ್ಲಿದ್ದ. ಅಂಗಳದಲ್ಲಿ ವೇದಿಕೆ, ಮುಂದಿನ ಸಾಲಿನಲ್ಲಿ ಅವನಿಗಾಗಿ ಒಂದು ಕುರ್ಚಿ. ವೇದಿಕೆಯ ಸಂದಿಯಿಂದ ಒಂದು ಕಾಗೆ ಅವನನ್ನು ಕಂಡು ಪಕ್ಕದ ಗುಬ್ಬಿಗೆ ತಿವಿಯಿತು. ಪ್ರಹ್ಲಾದ ಕೈ ಬೀಸಿದ.

ಬೀಸಿದ ಕೈಯನ್ನು ಯಾರೋ ಎರಡೂ ಕೈಯಿಂದ ಹಿಡಿದುಕೊಂಡರು. ಮುಖ್ಯೋಪಾಧ್ಯಾಯಿನಿ ಶಿರೀಷಾ ಮೇಡಂ. ಅವರ ಹಿಂದೆ ಮಾಧವಿ, ಮುಖವೆಲ್ಲ ಹೆಮ್ಮೆಯಾಗಿ.

"ಇವರೇ ರೀ ಮೇಡಂ, ಇಲ್ಲೇ ಕೂತು ಗದ್ವಾಲ ನಡಸ್ತಾರಂತ ಹೇಳಿದ್ನಲ್ಲ," ಎಂದಳು ಮಾಧವಿ.

ಶಿರೀಷಾ ಮೇಡಂ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಸಂಕಟ ತೋಡಿಕೊಂಡರು. ನಾಟಕದ ಹಾಡುಗಳು, ಹಿನ್ನೆಲೆಯ ಕಾಡಿನ ಚಿತ್ರಗಳು ಎಲ್ಲ ಬರಬೇಕಾದದ್ದು ಆಫೀಸು ಕೋಣೆಯ ಕಂಪ್ಯೂಟರಿನಿಂದ. ಅದು ಬೆಳಗಿನಿಂದ ಎರಡೆರಡು ನಿಮಿಷಕ್ಕೆ ನಿಂತುಬಿಡುತ್ತಿದೆ. ಹಾಡು ನಿಂತರೆ ಮಕ್ಕಳು ನಿಂತರು, ಮಕ್ಕಳು ನಿಂತರೆ ಅಳು. ದೇವರು ಕಳಿಸಿದ ಹಾಗೆ ನೀವು ಬಂದಿರಿ, ಹನ್ನೆರಡೇ ನಿಮಿಷದ ನಾಟಕ, ಅದರ ಪಕ್ಕ ಕೂತಿರಿ ಎಂದರು.

ಮುಂದಿನ ಸಾಲಿನಲ್ಲಿ ಕೂತು ಫೋನಿನಿಂದಲೇ ಅದನ್ನು ನಡೆಸಬಹುದು ಎಂಬುದು ಪ್ರಹ್ಲಾದನಿಗೆ ಹೊಳೆಯದೇ ಇರಲಿಲ್ಲ. ಆದರೆ ಅದಕ್ಕೆ ಬೇಕಾದ ಹದಿನೆಂಟು ಸಾಲು ಬರೆಯುವಷ್ಟರಲ್ಲಿ ಹನ್ನೆರಡು ನಿಮಿಷ ಮುಗಿದು ವಂದನಾರ್ಪಣೆಯೂ ಆಗಿರುತ್ತಿತ್ತು. ಅವನು ಆಫೀಸು ಕೋಣೆಗೆ ನಡೆದ.

ಕೋಣೆಗೆ ಒಂದೇ ಕಿಟಕಿ. ಅದರಾಚೆ ವೇದಿಕೆಯ ಹಿಂದಿನ ಕಪ್ಪು ಪರದೆ. ಪರದೆಯ ಕೆಳಗೆ ಗೇಣುದ್ದ ಸಂದು. ಪ್ರಹ್ಲಾದ ಆರು ಸಲ, ಕೂಡಲು ಹೊರಟ ಕಂಪ್ಯೂಟರನ್ನು ಎಬ್ಬಿಸಿದ. ಹಾಡು ಎಲ್ಲಿಯೂ ಕಡಿಯಲಿಲ್ಲ, ಕಾಡು ಎಲ್ಲಿಯೂ ಮಾಯವಾಗಲಿಲ್ಲ. ನಡುವೆ ಒಮ್ಮೆ ತಲೆಯೆತ್ತಿದಾಗ ಸಂದಿನಲ್ಲಿ ಕಪ್ಪು ಕಾಲುಚೀಲದ ಎರಡು ಪುಟ್ಟ ಪಾದಗಳು ಕುಣಿದು ಹೋದವು. ಕಾಗೆಯ ಮಾತು ಸ್ಪಷ್ಟವಾಗಿ ಕೇಳಿಸಿತು, ಒಂದಕ್ಷರ ತಪ್ಪಲಿಲ್ಲ. ಅಂಗಳ ತುಂಬ ಚಪ್ಪಾಳೆ ಬಿತ್ತು. ಇವನೂ ಒಂದು ಕೈಯನ್ನು ಕೀಬೋರ್ಡಿನ ಮೇಲಿಟ್ಟುಕೊಂಡೇ ಇನ್ನೊಂದು ಕೈಯಿಂದ ಮೇಜು ತಟ್ಟಿದ.

ನಾಟಕ ಮುಗಿಯಿತು. ಇನ್ನು ಮೇಲೆ ಪ್ರತಿ ವರ್ಷವೂ ಆ ಕೋಣೆ ನಿಮ್ಮದೇ ಎಂದು ಶಿರೀಷಾ ಮೇಡಂ ವೇದಿಕೆಯಿಂದಲೇ ಮೈಕಿನಲ್ಲಿ ಸಾರಿದರು. ಜನ ಇನ್ನೊಮ್ಮೆ ಚಪ್ಪಾಳೆ ತಟ್ಟಿದರು; ಮುಂದಿನ ಸಾಲಿನ ಕುರ್ಚಿ ಮಾತ್ರ ಖಾಲಿಯೇ ಇತ್ತು. ಅಷ್ಟರಲ್ಲಿ ವಸುಧಾ ರೆಕ್ಕೆ ಒಂದು ಕಡೆ ಜೋತುಬಿದ್ದ ಹಾಗೆಯೇ ಆಫೀಸು ಕೋಣೆಯ ಬಾಗಿಲಿಗೆ ಬಂದು ನಿಂತಳು. ಪ್ರಹ್ಲಾದ ಎದ್ದು, ಎಲ್ಲ ಕೇಳಿಸಿಕೊಂಡೆ ಪುಟ್ಟಿ, ಒಂದಕ್ಷರ ತಪ್ಪಲಿಲ್ಲ ನೋಡು ಎಂದ.

ವಸುಧಾ ಸಿಟ್ಟಾಗಲಿಲ್ಲ. ಅಪ್ಪನನ್ನು ಕನಿಕರದಿಂದ ನೋಡಿದಳು.

"ನೀ ಗದ್ವಾಲಕ್ಕೇ ಹೋಗಬೇಕಿತ್ತಪ್ಪಾ. ಬರಲಿಕ್ಕೆ ಬಸ್ಸು ಸಿಗಲಿಲ್ಲ ಅಂತ ಎಲ್ಲಾರಿಗೂ ಹೇಳ್ತಿದ್ದೆ. ಈಗ ಏನಂತ ಹೇಳ್ಲಿ?"